ಬಾಗಿಲಿಗೆ ಶುಕ್ರವಾರದ ಅಭ್ಯಂಜನ

ಹೆಂಗಸರು ಶುಕ್ರವಾರ ತಲೆಗೆ ಎಣ್ಣೆ ಹಚ್ಚಿಕೊಳ್ಳುವುದು ಲೋಕರೂಢಿ. ನನ್ನ ಸೋದರತ್ತೆ ಮಾತ್ರ ಶುಕ್ರವಾರ ಬಂತೆಂದರೆ ಕಾರ್ ಷೆಡ್ಡಿನ ಬಾಗಿಲಿಗೆ ಎಣ್ಣೆ ಹಾಕುತ್ತಿದ್ದಳು. ಕಾರು ಯಾವುದು ಅಂದಿರಾ? ಕಾರೇ ಇರಲಿಲ್ಲ! ರಿಚರ್ಡ್ಸ್ ಟೌನಿನಲ್ಲಿ ಕಾರು ಸಾಕಿದವರು ಬೇಕಾದಷ್ಟು ಜನ. ಬರೀ ಷೆಡ್ಡು ಸಾಕಿದವಳು ಅವಳೊಬ್ಬಳೇ.

ಅವಳ ಗಂಡನಿಗೆ ಎಲ್ಲವನ್ನೂ ಹಿಂದುಮುಂದು ಮಾಡುವ ಚಾಳಿ. ಕಾರು ಕೊಳ್ಳುವ ಮೊದಲೇ ಕಾಂಪೌಂಡಿನ ತನ್ನ ಪಾಲಿನಲ್ಲಿ ಷೆಡ್ಡು ಕಟ್ಟಿಸಿ, ಎರಡು ಕದದ ತೇಗದ ಬಾಗಿಲಿಡಿಸಿ, ಕಾರು ಬರುವ ಮೊದಲೇ ತೀರಿಕೊಂಡ. ಅದೂ ಒಳಕ್ಕೆ ತೆರೆಯುವ ಬಾಗಿಲು! ಕಾರು ಬಂದಿದ್ದರೆ ಬಾಗಿಲು ಮುಚ್ಚಲು ಜಾಗವೇ ಇರುತ್ತಿರಲಿಲ್ಲ.

ಯುದ್ಧದ ಕಾಲ. ಹರಳೆಣ್ಣೆಗೂ ಪರದಾಟ. ಮನೆಯವರ ತಲೆಗಿಲ್ಲದ ಎಣ್ಣೆ ಬಾಗಿಲಿನ ಕೀಲುಗಳಿಗೆ! ಕೇಳಿದರೆ, "ತಲೆ ಕಿರ್ ಅನ್ನಲ್ಲ, ಬಾಗ್ಲು ಅನ್ನುತ್ತೆ" ಎನ್ನುತ್ತಿದ್ದಳು.

ಒಮ್ಮೆ ನಾನು ಅವಸರದಲ್ಲಿ ಧೂಳಿನ ಮೇಲೇ ಎಣ್ಣೆ ಬಿಟ್ಟೆ. "ಏಯ್, ಮುಖ ತೊಳೀದೆ ಪೌಡರ್ ಹಚ್ಕೋತೀಯಾ? ಮೊದ್ಲು ಒರ್ಸು!" ಮಳೆಗಾಲದಲ್ಲಿ ಕದ ಉಬ್ಬಿ ನೆಲಕ್ಕೆ ಉಜ್ಜಿದರೆ ಸೆರಗು ಸಿಕ್ಕಿಸಿ ತಾನೇ ಉಜ್ಜುಗೊರಡು ಹಿಡಿದು ಅಂಚು ಹೆರೆಯುತ್ತಿದ್ದಳು. ಗೆದ್ದಲು ಹತ್ತದಂತೆ ಕದಗಳ ಬುಡಕ್ಕೆ ಟಾರು ಬಳಿಯುತ್ತಿದ್ದಳು. ಕೊನೆಗೆ ಕಿರುಬೆರಳಿನ ಪರೀಕ್ಷೆ: ಕಿರುಬೆರಳಲ್ಲಿ ತಳ್ಳಿದರೆ ಕದ ಸದ್ದಿಲ್ಲದೆ ತೆರೆಯಬೇಕು. ಇಲ್ಲದಿದ್ದರೆ ಎಲ್ಲ ಮೊದಲಿನಿಂದ!

ಆಯುಧಪೂಜೆಯಲ್ಲಂತೂ ಕೇಳಬೇಡಿ. ಊರಿನವರೆಲ್ಲ ಚಕ್ರದಡಿ ನಿಂಬೆಹಣ್ಣು ಇಟ್ಟು ಕಾರು ಹತ್ತಿಸಿದರೆ, ಚಕ್ರವಿಲ್ಲದ ಅತ್ತೆ ಎರಡು ಕದಗಳ ನಡುವೆ ಹಣ್ಣಿಟ್ಟು ಬಾಗಿಲು ಅದುಮಿದಳು. ಮರ್ಫಿ ಟೌನಿನ ಹೂವಾಡಗಿತ್ತಿ ಸುತ್ತಲೂ ನೋಡಿ, "ಕಾರ್ ಎಂಗಮ್ಮಾ?" ಎಂದು ತಮಿಳಿನಲ್ಲೇ ಕಾರೆಲ್ಲಿ ಅಂತ ಕೇಳಿದಳು.

"ಬರುತ್ತೆ. ನಿಂಗ್ಯಾಕೆ ಅವಸರ?"

ನಿಂಬೆರಸ ನೇರವಾಗಿ ಹಾರಿದ್ದು ಪಕ್ಕದಲ್ಲೇ ನಿಂತಿದ್ದ ಅತ್ತೆಯ ಭಾವನ, ಅಂದರೆ ಅವಳ ಗಂಡನ ಅಣ್ಣನ, ಕಣ್ಣಿಗೆ! ಅದೇ ಕಾಂಪೌಂಡಿನಲ್ಲಿ ಎದುರಿನ ಮನೆ ಅವರದು. ಷೆಡ್ಡಿನ ಮೇಲೆ ಆ ಕಣ್ಣು ಬಿದ್ದು ಬಹಳ ಕಾಲವಾಗಿತ್ತು.

"ಸಾಕು ಈ ಹುಚ್ಚು," ಎಂದರು ಕಣ್ಣುಜ್ಜುತ್ತ. "ಗೋಡೌನಿಗೆ ಜನ ಕ್ಯೂ ನಿಂತಿದಾರೆ. ಷೆಡ್ಡು ಬಿಟ್ಕೊಡು."

"ಬಿಡಲ್ಲ."

"ಯಾರಿಗೋಸ್ಕರ ಇಟ್ಕೊಂಡಿದೀಯಾ?"

"ಬರೋರಿಗೆ."

ಭಾವ ಸುಮ್ಮನಿರುವವರೇ? ಮಾರನೆಯ ವಾರವೇ ಒಬ್ಬ ಮಂಡಿ ಸಾಹುಕಾರನನ್ನು ಬೀಗದ ಸಮೇತ ಕರೆತಂದರು. ಸಾಹುಕಾರ ಜಾಗ ಅಳೆಯುತ್ತ ಕದಕ್ಕೆ ಒರಗಿ ನಿಂತ; ಟಾರು ಬಳಿದದ್ದು ಆಗತಾನೆ. ಬಿಳಿ ಪಂಚೆಯಲ್ಲಿ ಬಂದವನು ಅರ್ಧ ಕರಿ ಪಂಚೆಯಲ್ಲಿ ಹೋದ! ಅತ್ತೆ ಭಾವನಿಗೆ ವಿನಯವಾಗಿ ಹೇಳಿದಳು: "ಬಾಗ್ಲಿಗೆ ಅವ್ರು ಹಿಡಿಸ್ಲಿಲ್ಲ."

ನಾವೆಲ್ಲ ಇದನ್ನು ಹೇಳಿ ಹೇಳಿ ನಕ್ಕೆವು. ಆಮೇಲೆ ನನಗೆ ಮದುವೆಯಾಯಿತು, ಮಗುವಾಯಿತು. ಲೋಕದ ಯುದ್ಧ ಮುಗಿಯಿತು. ನನ್ನ ಮನೆಯದು ಮುಗಿಯಲಿಲ್ಲ. ಗಂಡನ ಹೊಡೆತ ತಾಳಲಾರದೆ ಒಂದು ಗುರುವಾರ ಹೊರಟುಬಂದೆ. ಹಲಸೂರಿನ ತವರಿನಲ್ಲಿ ಹೊಸಲಿನಾಚೆಯೇ ನಿಲ್ಲಿಸಿ, "ಹೊಂದ್ಕೊಂಡು ಹೋಗಮ್ಮ" ಎಂದರು. ಅದೇ ಜಟಕಾದಲ್ಲಿ ಸೋದರತ್ತೆಯಲ್ಲಿಗೆ ಬಂದೆ.

ಭಾವ ಜಗಲಿಯಿಂದಲೇ ಕೂಗಿದರು: "ಗಂಡನ್ನ ಬಿಟ್ಟು ಬಂದವಳನ್ನ ಇಟ್ಕೊಂಡ್ರೆ ಮನೆ ಮರ್ಯಾದೆ ಏನಾಗ್ಬೇಕು?"

"ನಿಮ್ಮನೆಗೆ ಯಾರು ಬಂದ್ರು ಭಾವ? ಅವ್ಳು ನನ್ ಷೆಡ್ಡಿಗೆ ಬಂದಿದಾಳೆ." ಅತ್ತೆ ನನ್ನ ಕಡೆ ತಿರುಗಿದಳು. "ನಿಂತಿದೀಯಲ್ಲ, ತಳ್ಳೇ."

ಕಂಕುಳಲ್ಲಿ ಮಗು, ಕೈಯಲ್ಲಿ ಟ್ರಂಕು. "ಕೈ ಖಾಲಿ ಇಲ್ಲ ಅತ್ತೆ."

"ಕಿರುಬೆರಳು ಇದೆಯಲ್ಲ?"

ಟ್ರಂಕಿನ ಹಿಡಿಯಿಂದ ಕಿರುಬೆರಳೊಂದನ್ನು ಚಾಚಿ ತಳ್ಳಿದೆ. ಕದ ಸದ್ದಿಲ್ಲದೆ ತೆರೆಯಿತು. ಆ ದಿನ ನನಗೆ ತೆರೆದ ಬಾಗಿಲು ಅದೊಂದೇ. ನಿಂತಲ್ಲೇ ಅತ್ತುಬಿಟ್ಟೆ. ಅತ್ತೆ ಮಗುವನ್ನು ಎತ್ತಿಕೊಂಡು, ಜಡೆಗಟ್ಟಿದ್ದ ನನ್ನ ಕೂದಲಲ್ಲಿ ಬೆರಳಾಡಿಸಿದಳು.

"ನಾಳೆ ಶುಕ್ರವಾರ," ಎಂದಳು. "ಬಾಗ್ಲಿಗೆ ಈ ವಾರ ಬೇಡ. ಎಣ್ಣೆ ನಿನ್ನ ತಲೆಗೆ."