ಹೆಂಡತಿ ಇರುವ ಊರಿಗೆ ಹೋಗಲು ಬೇಕಾದ ಕಾಗದಗಳು

ಕಾಗದಪತ್ರದ ವಿಷಯದಲ್ಲಿ ನನಗೇ ಯಾಕೆ ಹೀಗಾಗುತ್ತದೆ ಎಂದು ಕೇಳಿಕೊಳ್ಳುವುದನ್ನು ಬಿಟ್ಟು ಬಹಳ ದಿನವಾಯಿತು. ನಾನು ಚಿತ್ತಾಪುರದ ಒಂದು ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಕ್ಲರ್ಕು. "ಈ ಜೆರಾಕ್ಸಿಗೆ ಸಹಿ ಇಲ್ಲ, ನಾಳೆ ಬರ್ರಿ" ಎಂದು ನಾನು ವಾಪಸು ಕಳಿಸಿದವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಸಾಲು ವಾಡಿ ಸ್ಟೇಷನ್ ದಾಟುತ್ತದೆ. ಅವರಲ್ಲಿ ಯಾರೋ ಒಬ್ಬರ ಶಾಪ ಸರಿಯಾಗಿ ತಾಗಿರಬೇಕು.

ನನ್ನ ಹೆಂಡತಿ ಸುಲೇಪೇಟದ ಹುಡುಗಿ, ನರ್ಸು. ಸಮುದ್ರದಾಚೆಯ ಒಂದು ಚಳಿದೇಶದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಹೋದಳು. ದೇಶದ ಹೆಸರು ಹೇಳುವುದಿಲ್ಲ, ದೃಷ್ಟಿಯಾಗುತ್ತದೆ ಎಂದು ಅವ್ವ ಆಣೆ ಹಾಕಿಸಿಕೊಂಡಿದ್ದಾಳೆ. ಹೋಗಿ ವರ್ಷವಾದ ಮೇಲೆ ಒಂದು ತಿಂಗಳ ರಜೆಯಲ್ಲಿ ಬಂದಿದ್ದಳು. ತಿರುಗಿ ಹೋದ ಮೇಲೆ ಫೋನಿನಲ್ಲಿ ಸುದ್ದಿ ಹೇಳಿದಳು, ತಾನು ಬಸುರಿ ಎಂದು. ಡಾಕ್ಟರು ವಿಮಾನ ಹತ್ತಬೇಡ ಎಂದರಂತೆ. ಅಂದರೆ ಆಕೆ ಬರುವ ಹಾಗಿಲ್ಲ, ನಾನೇ ಹೋಗಬೇಕು, ಅದೂ ಹೆರಿಗೆಗೆ ಮುಂಚೆ. ನನ್ನ ಹತ್ತಿರ ಪಾಸ್‌ಪೋರ್ಟ್ ಇತ್ತು, ಹೋಗುವ ಮನಸ್ಸಿತ್ತು. ಇಲ್ಲದ್ದು ವೀಸಾ ಒಂದೇ.

ಸದರಿ ಹೆಂಡತಿ

ಅರ್ಜಿಯ ಜೊತೆ ಗಂಡನಾದವನು ತನ್ನ ಮಾತಿನಲ್ಲೇ ಒಂದು ಪತ್ರ ಬರೆಯಬೇಕಂತೆ. ನೀವಿಬ್ಬರೂ ಹೇಗೆ ಭೇಟಿಯಾದಿರಿ, ಪ್ರೀತಿ ಹೇಗೆ ಬೆಳೆಯಿತು, ಎಲ್ಲ ಇರಬೇಕಂತೆ. ನಾನು ಜೀವನದಲ್ಲಿ ಬರೆದದ್ದೆಲ್ಲ ಕಚೇರಿ ಟಿಪ್ಪಣಿ. ಎರಡು ದಿನ ಕುಳಿತು ಬರೆದು, ಇಂಗ್ಲಿಷಿಗೆ ಮಾಡಿಸಲು ಸೇಡಮ್ಮಿನಲ್ಲಿರುವ ಒಬ್ಬ ನಿವೃತ್ತ ಇಂಗ್ಲಿಷ್ ಮಾಸ್ತರರ ಮನೆಗೆ ಒಯ್ದೆ. ಅವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

"ವಿಷಯ: ಹೆಂಡತಿಯೊಂದಿಗಿನ ಪ್ರೀತಿಯ ಬಗ್ಗೆ. ಉಲ್ಲೇಖ: ಸೋದರಮಾವನವರ ಮೌಖಿಕ ಸೂಚನೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಕನ್ಯೆಯನ್ನು ಸುಲೇಪೇಟದಲ್ಲಿ ಖುದ್ದು ಪರಿಶೀಲಿಸಲಾಗಿ ತೃಪ್ತಿಕರವೆಂದು ಕಂಡುಬಂದಿದ್ದರಿಂದ ಮುಂದಿನ ಕ್ರಮ ಕೈಗೊಳ್ಳಲಾಯಿತು. ಅಂದಿನಿಂದ ಪ್ರೀತಿಯು ಅಡೆತಡೆಯಿಲ್ಲದೆ ಚಾಲ್ತಿಯಲ್ಲಿರುತ್ತದೆ."

ಮಾಸ್ತರರು ಹಾಳೆ ಕೆಳಗಿಟ್ಟರು. "ತಮ್ಮಾ, ಇದನ್ನ ಇಂಗ್ಲಿಷಿಗೆ ಮಾಡಿ ಕಳಿಸಿದ್ರ ಅವರು ನಿನಗ ಹೆಂಡ್ತಿ ಹತ್ರ ಬಿಡಂಗಿಲ್ಲ. ಬೋರ್‌ವೆಲ್ ಮಂಜೂರು ಮಾಡ್ತಾರ."

ಆಮೇಲೆ ಅವರೇ ಪ್ರಶ್ನೆ ಕೇಳಿದರು. ಆಕಿ ಹೋದ ದಿನ ಏನು ಮಾಡಿದಿ? ಮನೆಗೆ ಬಂದು ಮಲಗಿದೆ ಎಂದೆ. ನಿದ್ದಿ ಬಂತಾ? ಇಲ್ಲ ಎಂದೆ. ಮತ್ತೇನು ಮಾಡಿದಿ? ಆಕೆ ಮರೆತು ಹೋದ ತಲೆ ಬಾಚುವ ಹಣಿಗೆ ಕಿಟಕಿಯಲ್ಲಿತ್ತು, ಅದನ್ನು ತೆಗೆಯಲಿಲ್ಲ, ಈಗಲೂ ಅಲ್ಲೇ ಇದೆ ಎಂದೆ. ಮಾಸ್ತರರು ಹೊಸ ಹಾಳೆ ತೆಗೆದು ಬರೆಯುತ್ತಾ ಹೋದರು.

ಸಂಜೆ ಆ ಇಂಗ್ಲಿಷ್ ಪತ್ರವನ್ನು ಹೆಂಡತಿಗೆ ಫೋನಿನಲ್ಲಿ ಓದಿ ಹೇಳಿದೆ. ಆಕೆ ಇನ್ನೊಂದು ಸಲ ಓದಿಸಿದಳು.

"ಯಾರು ಬರದಾರ್ರಿ ಇದನ್ನ?"

"ಸೇಡಮ್ ಮಾಸ್ತರ್ರು."

"ಅವರ ಹೆಂಡ್ತಿ ಭಾಳ ಪುಣ್ಯ ಮಾಡ್ಯಾಳ್ರಿ" ಎಂದಳು.

ಗುಂಡಗುರ್ತಿ ಕಾಕುವಿನ ಕೈ

ಮುಂದಿನದು ಫೋಟೊ. ಗಂಡ ಹೆಂಡತಿ ಇಬ್ಬರೇ ಇರುವ ಆರು ಫೋಟೊ ಬೇಕು. ಮದುವೆ ಆಲ್ಬಮ್ಮು ತೆಗೆದು ಅವ್ವ ಮತ್ತು ನಾನು ನೆಲದ ಮೇಲೆ ಕುಳಿತೆವು. ನಾಲ್ಕುನೂರು ಫೋಟೊ. ಇಬ್ಬರೇ ನಿಂತಿದ್ದು ಒಂದೂ ಇಲ್ಲ. ನಮ್ಮ ಕಡೆ ಮದುಮಕ್ಕಳನ್ನು ಹಾಗೆ ಒಂಟಿಯಾಗಿ ನಿಲ್ಲಿಸುವುದುಂಟೆ? ಎಡಕ್ಕೆ ಮೂವರು, ಬಲಕ್ಕೆ ಮೂವರು, ಮುಂದೆ ಮಕ್ಕಳು. ಗುಂಡಗುರ್ತಿಯ ಕಾಕು ಅಂತೂ, ಅಂದರೆ ನಮ್ಮ ಚಿಕ್ಕಮ್ಮ, ಪ್ರತಿ ಫೋಟೊದಲ್ಲೂ ನಮ್ಮಿಬ್ಬರ ನಡುವೆಯೇ ಇದ್ದಾಳೆ. ನೋಡಿದವರು ನನಗೆ ಕಾಕುವನ್ನೇ ಕಟ್ಟಿದ್ದಾರೆ ಅನ್ನಬೇಕು. ಇಬ್ಬರೇ ಇರುವುದು ಒಂದಿತ್ತು, ಅದರಲ್ಲಿ ಫೋಟೊಗ್ರಾಫರ್ ನಮ್ಮ ತಲೆಗಳನ್ನು ಕತ್ತರಿಸಿ ಎರಡು ಹಂಸಗಳ ಹೊಟ್ಟೆಯೊಳಗೆ ಇಟ್ಟಿದ್ದ.

ವಾಡಿಯ ಸ್ಟುಡಿಯೋಗೆ ಹೋಗಿ, ಆ ಹಂಸಗಳಿಂದ ನಮ್ಮನ್ನು ಬಿಡಿಸಿ ಕೊಡಲು ಬರುತ್ತದೆಯೇ ಎಂದು ಕೇಳಿದೆ. ಸ್ಟುಡಿಯೋದವನು ಆಲ್ಬಮ್ಮಿನ ಬೇರೊಂದು ಪುಟ ತಿರುಗಿಸಿದ. "ಅದು ಯಾಕ್ರಿ, ಈ ನಡುವಿನ ಅಮ್ಮಾರನ್ನ ತೆಗದು ಹಾಕ್ತೀನಿ, ಇಬ್ಬರೇ ಉಳೀತೀರಿ" ಎಂದ. ನಾನು ಬೇಡ ಅನ್ನುವುದರೊಳಗೆ ಕಂಪ್ಯೂಟರಿಗೆ ಏರಿಸಿ ತೆಗೆದೂ ಬಿಟ್ಟ. ಕಾಕು ಹೋದಳು, ಆದರೆ ನನ್ನ ಹೆಗಲ ಮೇಲೆ ಇಟ್ಟಿದ್ದ ಆಕೆಯ ಕೈ ಉಳಿಯಿತು, ಹಸಿರು ಬಳೆ ಸಮೇತ.

"ಹೆಂಡ್ತಿ ಕೈ ಅಂತ ಹೇಳ್ರಿ" ಎಂದ.

"ಹೆಂಡ್ತಿ ಎರಡೂ ಕೈ ಮುಗದು ನಿಂತಾಳಲ್ಲೋ."

ಅವನು ಪರದೆಯನ್ನು ಹತ್ತಿರದಿಂದ ನೋಡಿದ. "ಹಂಗಾದ್ರ ಕಾಕುನ್ನ ವಾಪಸ್ ಹಾಕ್ಲಾ?"

ವಾಪಸ್ ಹಾಕಿಸಿ, ಆಲ್ಬಮ್ಮಿನಲ್ಲಿದ್ದ ಹಾಗೆಯೇ ಆರು ಫೋಟೊ ಕಳಿಸಿದೆ. ಅವುಗಳ ಪಟ್ಟಿಯಲ್ಲಿ ಆರು ಸಲ ಬರೆದೆ: ನಡುವೆ ಇರುವವರು ಹೆಂಡತಿಯಲ್ಲ.

ನನ್ನ ಮೇಲೆ ನನ್ನದೇ ಆಕ್ಷೇಪಣೆ

ನೌಕರಿಯಲ್ಲಿರುವವನಾದ್ದರಿಂದ ಕಾಲೇಜಿನಿಂದ ನಿರಾಕ್ಷೇಪಣಾ ಪತ್ರ ಬೇಕಿತ್ತು. ಪ್ರಾಚಾರ್ಯರಿಗೆ ಅರ್ಜಿ ಕೊಟ್ಟೆ. ಅವರು ಅದರ ಮೇಲೆ "ಮಂಡಿಸಿ" ಎಂದು ಬರೆದು ಸಂಬಂಧಪಟ್ಟ ಕ್ಲರ್ಕಿಗೆ ಕಳಿಸಿದರು. ಸಂಬಂಧಪಟ್ಟ ಕ್ಲರ್ಕು ನಾನೇ. ಆ ವಾರವೆಲ್ಲ ನಾನು ಶಹಾಬಾದಿನ ನೋಟರಿ, ಸೇಡಮ್ಮಿನ ಮಾಸ್ತರು ಎಂದು ಬಸ್ಸಿನಲ್ಲೇ ಇದ್ದೆ. ಫೈಲು ನನ್ನ ಮೇಜಿನ ಮೇಲೆ ನನಗಾಗಿ ಕಾಯುತ್ತಾ ಒಂಬತ್ತು ದಿನ ಮಲಗಿತು.

ಹತ್ತನೆಯ ದಿನ ನಾನೇ ಪ್ರಾಚಾರ್ಯರ ಕೋಣೆಗೆ ಹೋಗಿ, "ಸರ್, ನಂದೊಂದು ಅರ್ಜಿ ಇತ್ತು, ಇನ್ನೂ ಆಗಿಲ್ಲ" ಎಂದೆ. ಅವಸರದಲ್ಲಿ ನನಗೆ ಅದು ಯಾರ ಮೇಜಿನ ಮೇಲಿದೆ ಎಂಬುದೇ ನೆನಪಾಗಲಿಲ್ಲ. ಅವರಿಗೂ ಆಗಲಿಲ್ಲ.

"ಯಾವ ಕ್ಲರ್ಕ್ರೀ ಅವ? ಮನುಷ್ಯಾನ ಕಷ್ಟ ತಿಳಿಯಂಗಿಲ್ಲೇನು? ಕಾರಣ ಕೇಳಿ ನೋಟಿಸ್ ಕೊಡ್ರಿ ಅವಗ. ನೀವೇ ಟೈಪ್ ಮಾಡ್ಕೊಂಡು ಬರ್ರಿ."

ಟೈಪ್ ಮಾಡಲು ಕುಳಿತಾಗ ಹೆಸರಿನ ಜಾಗಕ್ಕೆ ಬಂದು ತಿಳಿಯಿತು. ಆದರೆ ಆದೇಶ ಆದೇಶವೇ. ನನಗೆ ನಾನೇ ನೋಟಿಸ್ ಕೊಟ್ಟು, ಮುಟ್ಟಿದ್ದಕ್ಕೆ ಸಹಿ ಮಾಡಿದೆ. ಹೆಂಡತಿಯ ಸ್ಥಿತಿ, ನನ್ನ ಓಡಾಟ, ಎಲ್ಲ ವಿವರಿಸಿ ಕಣ್ಣೀರು ಬರುವಂಥ ಉತ್ತರ ಬರೆದೆ. ಉತ್ತರ ಫೈಲಿಗೆ ಸೇರಿ, ಅಭಿಪ್ರಾಯಕ್ಕಾಗಿ ಮತ್ತೆ ನನ್ನ ಮೇಜಿಗೇ ಬಂತು. ಹನ್ನೊಂದು ವರ್ಷದ ಕೈ, ತಾನಾಗಿಯೇ ಓಡಿತು: "ಸಮಜಾಯಿಷಿ ತೃಪ್ತಿಕರವಾಗಿರುವುದಿಲ್ಲ."

ಪರಿಶೀಲನೆಯಲ್ಲಿದೆ

ಅಂತೂ ಪ್ರಾಚಾರ್ಯರು ನಿರಾಕ್ಷೇಪಣಾ ಪತ್ರಕ್ಕೆ ಸಹಿ ಹಾಕಿದರು, ಪಾಸ್‌ಪೋರ್ಟ್ ಸಮೇತ ಎಲ್ಲ ಕಾಗದ ಹೋದವು. ಆಮೇಲೆ ಕಾಯುವುದು. ಮೊಬೈಲಿನಲ್ಲಿ ಅರ್ಜಿ ನಂಬರು ಒತ್ತಿದರೆ ಒಂದೇ ಪದ ಬರುತ್ತಿತ್ತು: ಪರಿಶೀಲನೆಯಲ್ಲಿದೆ. ಬೆಳಿಗ್ಗೆ ಎದ್ದು ಒತ್ತುವೆ, ಕಾಲೇಜಿನಲ್ಲಿ ಒತ್ತುವೆ, ಬಸ್ಸಿನಲ್ಲಿ ಒತ್ತುವೆ. ಆಕೆಗೆ ಮೂರು ತಿಂಗಳಾಯಿತು, ಐದಾಯಿತು, ಏಳಕ್ಕೆ ಬಿತ್ತು. ಅರ್ಜಿ ಕದಲಲಿಲ್ಲ.

ಒಂದು ದಿನ ಆಕೆ ಡ್ಯೂಟಿ ಮುಗಿಸಿ ಫೋನ್ ಮಾಡಿದಳು. ಕಾಲು ಬಾತಿವೆ ಎಂದಳು. ಆಮೇಲೆ, "ಎಷ್ಟು ಮಂದಿ ಹೆರಿಗೀಗ ಕೈ ಹಿಡದು ನಿಂತೀನ್ರಿ. ನಂದು ಹಿಡೀಲಿಕ್ಕ ಇಲ್ಲಿ ಯಾರೂ ಇಲ್ಲ. ನಂಗ ಅಂಜಿಕಿ ಆಗ್ಲಿಕತ್ತಾದ" ಎಂದಳು. ಆಕೆ ಹಾಗೆ ಹೇಳುವವಳಲ್ಲ. ನಾನು ಬರ್ತೀನಿ ಎಂದೆ. ಹೇಗೆ ಎಂದು ಆಕೆ ಕೇಳಲಿಲ್ಲ. ಆ ದಿನ ತಾಟಿನಲ್ಲಿ ರೊಟ್ಟಿ ಹಾಗೇ ಉಳಿಯಿತು.

ಅವ್ವ ತಾಟು ಎತ್ತುತ್ತಾ, "ಏನಂತಾರಪ್ಪ ಅವರು?" ಎಂದಳು.

"ನೋಡ್ಲಿಕತ್ತಾರಂತ."

"ನಾಕು ತಿಂಗಳಿಂದ ನೋಡ್ತಾರೇನು? ನಾವು ನಿನಗ ಹೆಣ್ಣು ನೋಡಿದ್ದು ಅರ್ಧ ತಾಸು."

ಸುಲೇಪೇಟದ ಕುಬಸ

ಚೊಚ್ಚಲ ಬಸುರಿಗೆ ಏಳನೇ ತಿಂಗಳಲ್ಲಿ ತವರಿನವರು ಕುಬಸ ಮಾಡಬೇಕು. ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಗಂಡನ ಪಕ್ಕ ಕೂರಿಸಿ ಆರತಿ ಎತ್ತಬೇಕು. ಬಸುರಿ ಅಲ್ಲಿದ್ದಾಳೆ, ಸೀರೆ ಇಲ್ಲಿದೆ. ಅತ್ತೆ ಯೋಚನೆ ಮಾಡಿ, ಹೆಂಡತಿಯ ತಂಗಿಯನ್ನೇ ಆ ಜಾಗದಲ್ಲಿ ಕೂರಿಸಿದರು. ಬಿ.ಎಡ್. ಓದುವ ಹುಡುಗಿ, ಇನ್ನೂ ಮದುವೆಯಾಗಿಲ್ಲ. ಅಕ್ಕನನ್ನು ವಿಡಿಯೋ ಕಾಲಿನಲ್ಲಿ ಹಿಡಿದು ಆ ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಹೊಟ್ಟೆ ಇಲ್ಲದೆ ಸೀರೆ ಚಂದ ಕಾಣುವುದಿಲ್ಲ ಎಂದು ಯಾರೋ ಒಬ್ಬ ಮುತ್ತೈದೆ ನೆರಿಗೆಯೊಳಗೆ ಸಣ್ಣ ತಲೆದಿಂಬು ತುರುಕಿದಳು. ಮೊಬೈಲಿನೊಳಗೆ ನನ್ನ ಹೆಂಡತಿ ನಕ್ಕು ನಕ್ಕು ಅತ್ತಳು. ನಾನು ತಲೆದಿಂಬಿನ ಪಕ್ಕ ಕುಳಿತು ಆರತಿ ಎತ್ತಿಸಿಕೊಂಡೆ.

ಅದೇ ವಾರ ವೀಸಾ ಕಚೇರಿಯಿಂದ ಮೇಲ್ ಬಂತು: ಇತ್ತೀಚಿನ ಕೌಟುಂಬಿಕ ಚಿತ್ರಗಳಿದ್ದರೆ ಕಳಿಸಿ. ಸಂತೋಷದಿಂದ ಕುಬಸದ್ದೇ ಕಳಿಸಿಬಿಟ್ಟೆ. ಬೆಳಕು ಬಿದ್ದು ಮೊಬೈಲಿನ ಪರದೆ ಬೆಳ್ಳಗೆ ಕಾಣುತ್ತಿದ್ದದ್ದು ನನ್ನ ಲಕ್ಷ್ಯಕ್ಕೆ ಬರಲಿಲ್ಲ.

ಉತ್ತರ ಬಂತು: "ಚಿತ್ರದಲ್ಲಿ ಅರ್ಜಿದಾರರ ಪಕ್ಕ ಕುಳಿತಿರುವ ಗರ್ಭಿಣಿ ಮಹಿಳೆ ಅವರ ಪತ್ನಿಯಲ್ಲ. ಈಕೆ ಯಾರು? ಸಂಬಂಧವೇನು? ಹತ್ತು ದಿನದೊಳಗೆ ವಿವರಿಸಿ."

ಈಕೆ ಹೆಂಡತಿಯ ತಂಗಿ, ಅವಿವಾಹಿತೆ, ಹೊಟ್ಟೆಯಲ್ಲಿರುವುದು ತಲೆದಿಂಬು ಎಂದು ಬರೆದು ಸೇಡಮ್ಮಿಗೆ ಒಯ್ದೆ. ಮಾಸ್ತರರು ಎರಡು ಸಲ ಓದಿದರು. "ತಮ್ಮಾ, ನೀ ಬರದದ್ದು ಖರೇನೇ ಅದ. ಆದ್ರ ಓದಿದ್ರ ಸುಳ್ಳಿಗಿಂತ ಕೆಟ್ಟದಾಗಿ ಅದ" ಎಂದರು. ಬೇರೆ ದಾರಿಯಿರಲಿಲ್ಲ, ಅದನ್ನೇ ಕಳಿಸಿದೆವು. ಎರಡು ದಿನಕ್ಕೆ ಮತ್ತೆ ಮೇಲ್: ಇಂಥ ದಿನ ಮಧ್ಯಾಹ್ನ ನಿಮ್ಮ ಅತ್ತೆಗೆ ಫೋನ್ ಮಾಡಿ ವಿಚಾರಿಸುತ್ತೇವೆ, ಅರ್ಜಿದಾರರು ನಡುವೆ ಮಾತಾಡತಕ್ಕದ್ದಲ್ಲ.

ಆ ದಿನ ಸುಲೇಪೇಟದಲ್ಲಿ ಅತ್ತೆಯ ಮುಂದೆ ಟವೆಲು ಬಾಯಿಗಿಟ್ಟುಕೊಂಡು ಕುಳಿತೆ. ಫೋನು ಸ್ಪೀಕರಿನಲ್ಲಿತ್ತು. ಆಚೆ ಕಡೆ ಒಬ್ಬ ಸಾಹೇಬರು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು, ಒಬ್ಬ ಹೆಣ್ಣುಮಗಳು ಅದನ್ನು ಕನ್ನಡಕ್ಕೆ ತಿರುಗಿಸುತ್ತಿದ್ದಳು.

"ಅಮ್ಮ, ಫೋಟೋದಲ್ಲಿ ನಿಮ್ಮ ಅಳಿಯನ ಪಕ್ಕ ಕೂತಿರೋದು ಯಾರು?"

"ನನ್ನ ಸಣ್ಣ ಮಗಳ್ರಿ."

"ಅವರಿಗೆ ಎಷ್ಟು ತಿಂಗಳು?"

"ಆಕಿಗಿ ಲಗ್ನಾನೇ ಆಗಿಲ್ಲ್ರಿ."

ಆಚೆ ಕಡೆ ಹೆಣ್ಣುಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಮುಗಿಯಿತು, ಇನ್ನು ಈ ಜನ್ಮದಲ್ಲಿ ವೀಸಾ ಇಲ್ಲ, ಮಗುವಿನ ಮುಖವನ್ನು ಮೊಬೈಲಿನಲ್ಲೇ ನೋಡಬೇಕು ಎಂದುಕೊಂಡು ಕಣ್ಣು ಮುಚ್ಚಿದೆ. ಅತ್ತೆ ಮಾತ್ರ ಫೋನನ್ನು ಹತ್ತಿರ ಎಳೆದುಕೊಂಡರು.

"ಬಸುರಿ ನಿಮ್ಮ ದೇಶದಾಗ ಅದಾಳ್ರಿ. ಆಕಿ ಇಲ್ಲಿ ಬರಂಗಿಲ್ಲ, ಇವರನ್ನ ನೀವು ಅಲ್ಲಿ ಬಿಡವಲ್ರಿ. ಮತ್ತ ಕುಬಸ ಯಾರಿಗಿ ಮಾಡ್ಲಿ? ಅದಕ್ಕ ಸಣ್ಣಾಕಿನ್ನ ಕುಂದ್ರಿಸೀನಿ. ಈಗ ನಾ ಒಂದು ಕೇಳ್ತೀನಿ. ನಿಮ್ಮ ಸಾಹೇಬ್ರ ಹೆಂಡ್ತಿ ಹಡಿಯಾಗ ಸಾಹೇಬ್ರು ಎಲ್ಲಿದ್ರು, ಕೇಳ್ರಿ ಅವರಿಗಿ."

ಹೆಣ್ಣುಮಗಳು ಅಳುಕಿದಳು. "ಅಮ್ಮ, ಅದನ್ನೆಲ್ಲ ಕೇಳೋ ಹಾಗಿಲ್ಲ."

"ನಾ ಹೇಳಿದ್ದೆಲ್ಲ ಅವರಿಗಿ ಹೇಳೋದೇ ನಿನ್ನ ಕೆಲಸ ಅಲ್ಲೇನವ್ವ?"

ಆಕೆ ಕೇಳಿದಳು. ಸಾಹೇಬರ ಸಣ್ಣ ಧ್ವನಿ ಬಂತು, ಅದರ ಹಿಂದೆ ಕನ್ನಡ. "ಪಕ್ಕದಲ್ಲೇ ಕೈ ಹಿಡ್ಕೊಂಡಿದ್ದೆ ಅಂತಾರೆ ಅಮ್ಮ."

"ಮತ್ತ?" ಎಂದರು ಅತ್ತೆ.

ಅಷ್ಟಕ್ಕೆ ಫೋನು ಕಟ್ಟಾಯಿತು. ಹನ್ನೆರಡು ದಿನ ನಾನು ಬದುಕಿದ್ದೆನೋ ಸತ್ತಿದ್ದೆನೋ ಹೇಳಲಾರೆ. ಹದಿಮೂರನೆಯ ದಿನ ಪಾಸ್‌ಪೋರ್ಟ್ ಬಂತು, ಒಳಗೆ ವೀಸಾ ಅಂಟಿಸಿತ್ತು. ಹೆರಿಗೆಗೆ ಇನ್ನೂ ಐದು ವಾರವಿತ್ತು. ಅಂಚೆಯವನ ಮುಂದೆಯೇ ಕಣ್ಣೀರು ಹಾಕಿದೆ, ನಾಚಿಕೆಯಾಗಲಿಲ್ಲ. ಮೊದಲು ಹೆಂಡತಿಗೆ ಫೋನ್ ಮಾಡಿದೆ, ಆಮೇಲೆ ಬಸ್ಸು ಹಿಡಿದು ಸುಲೇಪೇಟಕ್ಕೆ ಹೋಗಿ ಅತ್ತೆಯ ಕಾಲಿಗೆ ಬಿದ್ದೆ.

ಅತ್ತೆ ಪಾಸ್‌ಪೋರ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕಣ್ಣಿಗೆ ಒತ್ತಿಕೊಂಡು ಹೇಳಿದರು:

"ಭಾಳ ಚಲೋ ಆಯ್ತು, ನೀವು ಮುಂದ ನಡೀರಿ. ಬಾಣಂತನಕ್ಕ ನಾ ಬರಬೇಕಲ್ಲ, ನಂದೂ ಒಂದು ಅರ್ಜಿ ಹಾಕ್ರಿ. ಕಾಗದ ಗೀಗದ ಏನೂ ಜೋಡ್ಸಬ್ಯಾಡ್ರಿ. ಆ ಸಾಹೇಬ ಈಗ ನಮ್ಮ ಪರಿಚಯದಾವ."