ಭಾವಮೈದುನನ ವಿರುದ್ಧ ಮದ್ದುಗುಂಡು

ಲಾಯ್ಡ್ ಟಕೆಟ್ ಮಾಡಿದ ತಪ್ಪು ಒಂದೇ. ಶುಕ್ರವಾರ ಬೆಳಗ್ಗೆ ಎಂಟೂಕಾಲಿಗೆ, ಪ್ಲಮ್ ಫೋರ್ಕ್ ಊರಿನ ಡೋನಟ್ ಅಂಗಡಿಯಲ್ಲಿ, ಹತ್ತು ಜನರ ಕಿವಿಗೆ ಬೀಳುವ ಹಾಗೆ, "ಮನೆ ಕಾವಲಿಗೆ ಯಾವ ಅಳತೆ ಪಿಸ್ತೂಲು ಒಳ್ಳೇದು?" ಎಂದು ಕೇಳಿಬಿಟ್ಟ. ಪ್ಲಮ್ ಫೋರ್ಕಿನಲ್ಲಿ ಯಾರಿಗೆ ಓಟು ಹಾಕಿದಿರಿ ಎಂದು ಕೇಳಬಹುದು, ಸಂಬಳ ಕೇಳಬಹುದು, ಹೆಂಗಸರ ವಯಸ್ಸನ್ನೂ ಕೇಳಬಹುದು. ಇದೊಂದನ್ನು ಕೇಳಬಾರದು. ಕೇಳಿದವನ ಪಾಲಿಗೆ ಆ ದಿನ ಮುಗಿದ ಹಾಗೆಯೇ.

ಲಾಯ್ಡ್‌ನದು ಕಟ್ಟಿಸಿಕೊಳ್ಳುವ ಹಲ್ಲಿನ ಸೆಟ್ಟು ತಯಾರಿಸುವ ಕೆಲಸ. ಐವತ್ತೆಂಟು ವರ್ಷದ ಸಾಧು ಮನುಷ್ಯ. ಊರಿನ ಅರ್ಧ ಜನ ಅವನು ಮಾಡಿಕೊಟ್ಟ ಹಲ್ಲಿನಲ್ಲೇ ಅವನ ಮೇಲೆ ಹಲ್ಲು ಕಡಿಯುತ್ತಿದ್ದರೂ ಅವನು ಯಾರ ಮೇಲೂ ಕಡಿದವನಲ್ಲ. ಅಂಥವನಿಗೆ ಪಿಸ್ತೂಲಿನ ಯೋಚನೆ ಬಂದದ್ದು ಕಳ್ಳರಿಂದಲ್ಲ, ಭಾವಮೈದುನನಿಂದ.

ಕಳ್ಳರೂ ಇದ್ದರೆನ್ನಿ. ಎರಡು ವಾರದಿಂದ ಅವರ ಬೀದಿಯಲ್ಲಿ ಶೆಡ್ಡುಗಳ ಬೀಗ ಮುರಿಯುತ್ತಿದ್ದರು. ಒಬ್ಬರ ಮರ ಕೊಯ್ಯುವ ಗರಗಸ ಹೋಗಿತ್ತು, ಇನ್ನೊಬ್ಬರ ಜನರೇಟರ್ ಹೋಗಿತ್ತು. ಗುರುವಾರ ಊಟದ ಹೊತ್ತಿಗೆ ಲಾಯ್ಡ್‌ನ ಹೆಂಡತಿ ನೋರೀನ್ ತೀರ್ಮಾನ ಹೇಳಿದ್ದಳು. ಮನೆಯಲ್ಲಿ ಒಬ್ಬ ಗಟ್ಟಿ ಗಂಡಸು ಬೇಕು, ತಮ್ಮ ಡ್ವೇಯ್ನ್‌ನನ್ನು ಕರೆಸುತ್ತೇನೆ ಎಂದು. ಲಾಯ್ಡ್‌ನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಡ್ವೇಯ್ನ್ ಹಿಂದೊಮ್ಮೆ ಶನಿವಾರ ಭಾನುವಾರ ಇದ್ದು ಸೂರಿನಂಚಿನ ಮಳೆನೀರಿನ ದೋಣಿ ಸರಿಮಾಡಿಕೊಡುತ್ತೇನೆ ಎಂದು ಬಂದವನು ಹನ್ನೊಂದು ತಿಂಗಳು ಇದ್ದ. ದೋಣಿ ಈಗಲೂ ಜೋತಾಡುತ್ತಿತ್ತು. ಲಾಯ್ಡ್‌ನ ಒರಗುಕುರ್ಚಿ ಮಾತ್ರ ಡ್ವೇಯ್ನ್‌ನ ಬೆನ್ನಿನ ಆಕಾರಕ್ಕೆ ತಿರುಗಿತ್ತು. ಅವನು ಹೋದ ಮೇಲೆ ಅದರಲ್ಲಿ ಕೂತಾಗಲೆಲ್ಲ ಲಾಯ್ಡ್‌ಗೆ ಬೇರೆಯವರ ತೊಡೆಯ ಮೇಲೆ ಕೂತಂತಾಗುತ್ತಿತ್ತು.

ಬೇಡವೇ ಬೇಡ, ಮನೆಯನ್ನು ನಾನೇ ಕಾಯುತ್ತೇನೆ ಎಂದ ಲಾಯ್ಡ್. ನೋರೀನ್ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನಾಳೆ ಸಂಜೆ ನಾನು ಕೆಲಸದಿಂದ ಬರೋ ಹೊತ್ಗೆ ನಂಗೆ ನಂಬಿಕೆ ಬರೋ ಹಾಗೆ ಏನಾದ್ರೂ ಮಾಡಿರು. ಇಲ್ದಿದ್ರೆ ಡ್ವೇಯ್ನ್ ಬರ್ತಾನೆ, ಅಷ್ಟೇ."

ಅದಕ್ಕೇ ಈ ಪ್ರಶ್ನೆ. ಉತ್ತರ ಮೂರು ಕಡೆಯಿಂದ ಬಂತು, ಮೂರೂ ಅವನ ಬೀದಿಯವರಿಂದಲೇ. ಮೊದಲು ಎದ್ದವನು ಪಕ್ಕದ ಮನೆಯ ವರ್ಜಿಲ್ ಕ್ರೆಬ್ಸ್, ಮೂವತ್ತು ವರ್ಷ ಗ್ಯಾಸ್ ಲಾರಿ ಓಡಿಸಿ ನಿವೃತ್ತನಾದವನು. ಅವನದು ನಲವತ್ತೈದರ ಅಳತೆಯ ಪಕ್ಷ. ಹೆಬ್ಬೆರಳಿನ ಗಾತ್ರದ ಗುಂಡು, ಒಂದು ತಗುಲಿದರೆ ಸಾಕು, ಬಿದ್ದವನು ಏಳುವ ಮಾತಿಲ್ಲ ಎಂದು ಮೇಜು ಗುದ್ದಿ ಹೇಳಿದ. ಬೀದಿಯ ಕೊನೆಯ ಮನೆಯ ಪಾದ್ರಿ ಟೀಗ್ ಒಂಬತ್ತು ಮಿಲಿಮೀಟರಿನವರು. ಸಣ್ಣ ಗುಂಡು, ಕೈಗೆ ಒದೆತ ಕಡಿಮೆ, ಒಂದು ಸಲಕ್ಕೆ ಹದಿನೈದು ತುಂಬಬಹುದು. "ಮನುಷ್ಯ ಅಂದ್ಮೇಲೆ ಗುರಿ ತಪ್ಪೋವ್ನೇ, ಲಾಯ್ಡ್. ಅದನ್ನ ಒಪ್ಕೊಂಡು ಹದಿನೈದು ಇಟ್ಕೊಳ್ಳೋದೇ ವಿನಯ" ಎಂದರು, ಭಾನುವಾರದ ಪ್ರವಚನದ ದನಿಯಲ್ಲಿ. ಎದುರುಮನೆಯ ಆರ್ಲೀನ್ ಡೋಟಿ ಮೇಡಂ ಮೂರನೆಯ ತರಗತಿಯಲ್ಲಿ ಲಾಯ್ಡ್‌ಗೆ ಪಾಠ ಹೇಳಿದವರು. ಈಗ ಎಂಬತ್ತರ ಹತ್ತಿರ. ಅವರದು ಮೂವತ್ತೆಂಟರ ರಿವಾಲ್ವರ್. "ಲೇ ಲಾಯ್ಡ್, ನಿಂಗೆ ಭಾಗಾಕಾರಾನೇ ಬರ್ತಿರ್ಲಿಲ್ಲ. ಹದಿನೈದು ಗುಂಡು ಯಾಕೋ ನಿಂಗೆ? ಆರು ಸಾಕು. ತೆಗಿ, ಒತ್ತು, ಮುಗೀತು" ಎಂದರು.

ಮೂವರ ಕಣ್ಣಲ್ಲೂ ಮದುವೆ ಮನೆಯ ಕಳೆ ಬಂದಿತ್ತು. ಡಾರ್ಲಾ ಹಿಕ್ಸ್‌ಳ ಅಂಗಡಿಗೆ ವಾರಕ್ಕೊಮ್ಮೆ ಗುಂಡಿನ ಲಾರಿ ಬರುವುದು ಶುಕ್ರವಾರವೇ ಎಂದು ಯಾರೋ ನೆನಪಿಸಿದರು. ಲಾಯ್ಡ್ ಕೈಲಿದ್ದ ಡೋನಟ್ ಮುಗಿಸುವ ಮುಂಚೆಯೇ ಅವನನ್ನು ಅವನದೇ ಪಿಕಪ್ಪಿಗೆ ಹತ್ತಿಸಿದ್ದರು.

ಡಾರ್ಲಾಳದು ಎರೆಹುಳು, ಗಾಳ, ಬಂದೂಕು ಎಲ್ಲವೂ ಒಂದೇ ಸೂರಿನಡಿ ಸಿಗುವ ಅಂಗಡಿ. ಬಾಗಿಲು ತೆರೆಯುವ ಮುಂಚೆಯೇ ಇಪ್ಪತ್ತು ಜನರ ಸಾಲು ನಿಂತಿತ್ತು. ವರ್ಷದಿಂದ ಗುಂಡಿಗೆ ಬರ ಬಂದಿತ್ತು. ಒಂದೊಂದು ಬಗೆಯಲ್ಲಿ ಒಬ್ಬರಿಗೆ ಮೂರೇ ಡಬ್ಬಿ ಎಂದು ಡಾರ್ಲಾ ಚೀಟಿ ಅಂಟಿಸಿದ್ದಳು. ಮೊದಲು ಪಿಸ್ತೂಲು ಆರಿಸಿ ಆಮೇಲೆ ಅದಕ್ಕೆ ಸರಿಹೋಗುವ ಗುಂಡು ಕೊಳ್ಳುವುದಲ್ಲವೇ ಎಂದು ಲಾಯ್ಡ್ ಕೇಳಿದ. ಸಾಲಿನಲ್ಲಿದ್ದವರೆಲ್ಲ ತಿರುಗಿ ಅವನನ್ನು ಮಗುವನ್ನು ನೋಡುವಂತೆ ನೋಡಿದರು.

"ಪಿಸ್ತೂಲು ಎಲ್ಲಿಗೂ ಓಡೋಗಲ್ಲ ಮಾರಾಯ" ಎಂದ ಕ್ರೆಬ್ಸ್. "ಗುಂಡು ಹತ್ತು ನಿಮಿಷದಲ್ಲಿ ಖಾಲಿ. ಸಿಕ್ಕಿದ್ದನ್ನ ಎತ್ಕೋ, ಆಮೇಲೆ ಯೋಚ್ನೆ ಮಾಡು."

ಬಾಗಿಲು ತೆರೆದದ್ದೇ ತಡ, ಲಾಯ್ಡ್‌ಗೂ ಮೈಮೇಲೆ ಬಂದಂತಾಯಿತು. ಅಕ್ಕಪಕ್ಕದವರು ಬಾಚಿಕೊಳ್ಳುವುದನ್ನು ನೋಡಿ ಅವನೂ ಬಾಚತೊಡಗಿದ. ಕ್ರೆಬ್ಸ್ ನಲವತ್ತೈದರ ಮೂರು ಡಬ್ಬಿ ಬುಟ್ಟಿಗೆ ಹಾಕಿದ, ಪಾದ್ರಿಗಳು ಒಂಬತ್ತರ ಮೂರು, ಆರ್ಲೀನ್ ಮೇಡಂ ಮೂವತ್ತೆಂಟರ ಮೂರು. ಅಷ್ಟಕ್ಕೇ ನಿಲ್ಲಲಿಲ್ಲ. ಇವೆಲ್ಲ ಅಭ್ಯಾಸಕ್ಕೆ ಹೊಡೆಯುವ ಗುಂಡು, ಗೋಡೆ ತೂರಿಕೊಂಡು ಆಚೆ ಹೋಗುತ್ತವೆ, ಮನೆಯೊಳಗೆ ಹೊಡೆಯಲು ಟೊಳ್ಳು ಮೂತಿಯವು ಬೇರೆ ಬೇಕು ಎಂದ ಕ್ರೆಬ್ಸ್. ಅವು ತಗುಲಿದ ಕಡೆಯೇ ಅರಳಿಕೊಂಡು ನಿಲ್ಲುತ್ತವಂತೆ. "ನಿನ್ನ ಅಡುಗೆಮನೆ ಗೋಡೆ ಆಚೆ ನನ್ನ ಮಂಚ ಇದೆ, ನೆನಪಿರ್ಲಿ" ಎಂದೂ ಸೇರಿಸಿದ. ಹೀಗಾಗಿ ಒಂಬತ್ತು ಡಬ್ಬಿ ಹದಿನೆಂಟಾಯಿತು.

ನೀವ್ಯಾರೂ ಏನೂ ಕೊಳ್ಳುತ್ತಿಲ್ಲವಲ್ಲ ಎಂದು ಲಾಯ್ಡ್ ನಡುವೆ ಒಮ್ಮೆ ಅನುಮಾನದಿಂದ ಕೇಳಿದ. ತನ್ನ ನೆಲಮಾಳಿಗೆಯಲ್ಲಿ ಕಾಲಿಡಲು ಜಾಗವಿಲ್ಲ ಎಂದ ಕ್ರೆಬ್ಸ್. ಇದ್ದವರು ಇಲ್ಲದವರಿಗೆ ಬಿಟ್ಟುಕೊಡಬೇಕು ಎಂದರು ಪಾದ್ರಿ. ನಾನು ಸತ್ತ ಮೇಲೂ ಎರಡು ದಿನಕ್ಕಾಗುವಷ್ಟಿದೆ ಎಂದರು ಆರ್ಲೀನ್ ಮೇಡಂ. ಲಾಯ್ಡ್‌ಗೆ ತನ್ನ ಬೀದಿಯ ಜನರ ಬಗ್ಗೆ ಹೆಮ್ಮೆಯೇ ಆಯಿತು.

ಲಾಯ್ಡ್ ಗುಂಡಿನ ದುಡ್ಡು ಕಟ್ಟಿದ ಮೇಲೆ ಎಲ್ಲರೂ ಪಿಸ್ತೂಲಿನ ಗಾಜಿನ ಪೆಟ್ಟಿಗೆ ಮುಂದೆ ನಿಂತರು. ಕ್ರೆಬ್ಸ್ ಹೇಳಿದ್ದನ್ನು ಎತ್ತಿದರೆ ರುಬ್ಬುವ ಗುಂಡಿನಷ್ಟು ಭಾರ. ಪಾದ್ರಿ ಹೇಳಿದ್ದರ ಮೇಲ್ಭಾಗವನ್ನು ಹಿಂದಕ್ಕೆ ಎಳೆಯಲು ಹಲ್ಲು ತಿದ್ದುವ ಬೆರಳುಗಳಿಗೆ ಶಕ್ತಿ ಸಾಲಲಿಲ್ಲ. ಆರ್ಲೀನ್ ಮೇಡಂ ಹೇಳಿದ ರಿವಾಲ್ವರಿನ ಕುದುರೆ ಒತ್ತುವಷ್ಟರಲ್ಲಿ ಲಾಯ್ಡ್‌ನ ಮುಖವೆಲ್ಲ ಸೊಟ್ಟಗಾಯಿತು. ಯಾವುದನ್ನು ಮುಟ್ಟಿದರೂ ಇಬ್ಬರ ಮುಖ ಗಂಟಾಗುತ್ತಿತ್ತು. ಈ ಮೂವರ ನಡುವೆಯೇ ಅವನು ಸಾಯುವತನಕ ಬಾಳಬೇಕಿತ್ತು.

ಆಗ ಡಾರ್ಲಾ ಕೆಳಗಿನ ಅರೆಯಿಂದ ಪುಟ್ಟದೊಂದನ್ನು ತೆಗೆದು ಅವನ ಅಂಗೈಯಲ್ಲಿಟ್ಟಳು. ಮುನ್ನೂರೆಂಬತ್ತು ಎಂದಳು. ಹೆಸರು ದೊಡ್ಡದು, ಗುಂಡು ಮಾತ್ರ ಗಿಡ್ಡ. ಅಳತೆ ಕೊಟ್ಟು ಹೊಲಿಸಿದಂತೆ ಅದು ಅವನ ಕೈಯಲ್ಲಿ ಕೂತಿತು. ಹಗುರ, ಮೇಲ್ಭಾಗ ಬೆಣ್ಣೆಯಂತೆ ಜಾರಿತು. ಮದುವೆಯಾದ ಮೂವತ್ತು ವರ್ಷದಲ್ಲಿ ಮೊದಲ ಸಲ ಲಾಯ್ಡ್ ಯಾರನ್ನೂ ಕೇಳದೆ, "ಇದೇ ಇರ್ಲಿ" ಎಂದುಬಿಟ್ಟ. ಮೂವರಲ್ಲಿ ಯಾರ ಪಕ್ಷವನ್ನೂ ವಹಿಸಿದಂತಾಗಲಿಲ್ಲ ಎಂದು ಒಳಗೊಳಗೇ ಬೀಗಿದ. ಮೂವರನ್ನೂ ಒಟ್ಟಿಗೆ ಎದುರುಹಾಕಿಕೊಂಡಿದ್ದೇನೆ ಎಂಬುದು ಅವರ ಮುಖ ನೋಡಿದ ಮೇಲೆ ತಿಳಿಯಿತು. "ಅದರಲ್ಲಿ ಹೊಡೆದ್ರೆ ಕಳ್ಳಂಗೆ ಕೋಪ ಬರತ್ತೆ, ಅಷ್ಟೇ" ಎಂದ ಕ್ರೆಬ್ಸ್.

ಇರಲಿ, ಇದರ ಗುಂಡು ಕೊಡು ಎಂದ ಲಾಯ್ಡ್. ಅದು ಮಾತ್ರ ಇಲ್ಲ ಎಂದಳು ಡಾರ್ಲಾ. ಫೆಬ್ರವರಿಯಿಂದ ಇಡೀ ಕೌಂಟಿಯಲ್ಲೇ ಇಲ್ಲ, ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಬುಟ್ಟಿಯಲ್ಲಿದ್ದವುಗಳಲ್ಲಿ ಯಾವುದಾದರೂ ಕೂರುತ್ತದೆಯೇ ಎಂದು ಕೇಳಿದ. ಒಂಬತ್ತು, ಮೂವತ್ತೆಂಟು, ಮುನ್ನೂರೆಂಬತ್ತು ಹೆಚ್ಚುಕಡಿಮೆ ಒಂದೇ ದಪ್ಪವಂತೆ, ಆದರೆ ಒಂದರದು ಇನ್ನೊಂದಕ್ಕೆ ಆಗುವುದಿಲ್ಲವಂತೆ. ಹಾಗಾದರೆ ಈ ಹದಿನೆಂಟು ಡಬ್ಬಿ ವಾಪಸು ತೆಗೆದುಕೋ ಎಂದ. ಮಾರಿದ ಗುಂಡನ್ನು ಯಾವ ಅಂಗಡಿಯಲ್ಲೂ ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಡಾರ್ಲಾ ಗೋಡೆಯ ಮೇಲಿನ ಇನ್ನೊಂದು ಚೀಟಿ ತೋರಿಸಿದಳು.

ಅವನ ಗ್ರಹಚಾರ ಅಲ್ಲಿಗೂ ಮುಗಿಯಲಿಲ್ಲ. ಪಿಸ್ತೂಲು ಕೊಡುವ ಮುಂಚೆ ಸರ್ಕಾರದವರು ಕೊಳ್ಳುವವನ ಪೂರ್ವೋತ್ತರ ನೋಡುತ್ತಾರಲ್ಲ, ಡಾರ್ಲಾ ಕಂಪ್ಯೂಟರಿನಲ್ಲಿ ಹೆಸರು ಹಾಕಿದಳು. ಒಕ್ಲಹೋಮಾದಲ್ಲಿ ಇನ್ನೊಬ್ಬ ಲಾಯ್ಡ್ ಟಕೆಟ್ ಇದ್ದು, ಅವನು ಏನೇನೋ ಘನಕಾರ್ಯ ಮಾಡಿದ್ದನಂತೆ. ಇವನು ಅವನಲ್ಲ ಎಂದು ಗೊತ್ತಾಗುವುದಕ್ಕೆ ಬುಧವಾರವಾಗುತ್ತದೆ ಎಂದಿತು ಕಂಪ್ಯೂಟರ್. ಗುಂಡಿಗೆ ಅಂಥ ವಿಚಾರಣೆ ಏನೂ ಇಲ್ಲ, ಆಲೂಗೆಡ್ಡೆಯ ಹಾಗೆ ಹೊತ್ತುಕೊಂಡು ಹೋಗಬಹುದು. ಲಾಯ್ಡ್ ಹೊತ್ತುಕೊಂಡು ಹೋದ. ಮುನಿಸಿಕೊಂಡಿದ್ದ ಮೂವರಲ್ಲಿ ಒಬ್ಬರೂ ಕೈ ಹಾಕಲಿಲ್ಲ.

ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಡಬ್ಬಿಗಳನ್ನು ಕೋಟೆಯ ಬುರುಜಿನಂತೆ ಜೋಡಿಸಿದ. ಒಮ್ಮೆ ಅಗಲಕ್ಕೆ, ಒಮ್ಮೆ ಎತ್ತರಕ್ಕೆ. ನೋರೀನ್‌ಗೆ ಈ ರಾಶಿ ನೋಡಿಯೇ ಧೈರ್ಯ ಬಂದರೂ ಬರಬಹುದು, ಪಿಸ್ತೂಲು ಎಲ್ಲಿ ಎಂದು ಕೇಳದೇ ಇರಬಹುದು ಎಂದು ತನಗೆ ತಾನೇ ಹೇಳಿಕೊಂಡ.

ನಾಲ್ಕು ಗಂಟೆಗೆ ಹಿತ್ತಲಿನ ಶೆಡ್ಡಿನಲ್ಲಿ ಧೊಪ್ಪೆಂದು ಸದ್ದಾಯಿತು. ಸ್ವಲ್ಪ ಬಿಟ್ಟು ಮತ್ತೊಮ್ಮೆ. ಭಾರವಾದುದನ್ನು ಯಾರೋ ಎತ್ತಿ ಇಡುತ್ತಿದ್ದರು. ಸಾವಿರ ಹತ್ತಿರ ಹತ್ತಿರ ಗುಂಡು ಲಾಯ್ಡ್‌ನ ಎದುರಿಗಿದ್ದವು, ಒಂದನ್ನೂ ಹಾರಿಸುವಂತಿರಲಿಲ್ಲ, ಬೇಕಾದರೆ ಎಸೆಯಬಹುದಿತ್ತು. ಫೋನು ಮಾಡಿದರೆ ಶೆರಿಫ್ ಕಚೇರಿಯ ಪೊಲೀಸರು ಬರಲು ನಲವತ್ತು ನಿಮಿಷ ಆಗುತ್ತದೆ ಎಂದರು. ಕ್ರೆಬ್ಸ್‌ಗೆ ಫೋನು ಮಾಡಿ ಪಿಸುಗುಟ್ಟಿದ.

ಮುನಿಸು ಎಲ್ಲಿ ಹೋಯಿತೋ, ನಾಲ್ಕೇ ನಿಮಿಷಕ್ಕೆ ಮೂವರೂ ಮುಂಬಾಗಿಲಲ್ಲಿ ಹಾಜರು. ಕ್ರೆಬ್ಸ್‌ನ ಕೈಯಲ್ಲಿ ನಲವತ್ತೈದು, ಪಾದ್ರಿಯ ಕೈಯಲ್ಲಿ ಒಂಬತ್ತು, ಆರ್ಲೀನ್ ಮೇಡಂ ಅವರ ಹೆಣಿಗೆ ಚೀಲದಲ್ಲಿ ರಿವಾಲ್ವರ್. ಎಲ್ಲರ ಕೆನ್ನೆಯೂ ಕೆಂಪಾಗಿತ್ತು. ಇಂಥ ದಿನಕ್ಕಾಗಿ ಅವರು ಎಷ್ಟು ವರ್ಷದಿಂದ ಕಾದಿದ್ದರೋ. ಲಾಯ್ಡ್‌ಗೆ ಅವರನ್ನು ತಬ್ಬಿಕೊಳ್ಳುವಷ್ಟು ಪ್ರೀತಿ ಉಕ್ಕಿತು.

"ಎಲ್ಲಿ, ಒಂದು ಡಬ್ಬಿ ಬಿಚ್ಚು" ಎಂದ ಕ್ರೆಬ್ಸ್, ಮೇಜಿನ ಕಡೆ ಕೈ ಚಾಚಿ.

"ಯಾಕೆ, ನಿನ್ನ ಪಿಸ್ತೂಲಲ್ಲಿ ಗುಂಡಿಲ್ವಾ?" ಎಂದ ಲಾಯ್ಡ್.

ಕ್ರೆಬ್ಸ್ ಪಾದ್ರಿಯ ಮುಖ ನೋಡಿದ. ಪಾದ್ರಿ ಸೂರು ನೋಡಿದರು. ಸತ್ಯ ಒಂದೊಂದಾಗಿ ಹೊರಬಂತು. ಕ್ರೆಬ್ಸ್‌ನ ಕೊನೆಯ ಗುಂಡು ಎರಡು ವರ್ಷದ ಹಿಂದೆಯೇ ಗುರಿಗೆಂದು ಇಟ್ಟ ಖಾಲಿ ಡಬ್ಬಗಳ ಮೇಲೆ ಖರ್ಚಾಗಿತ್ತು. ಪಾದ್ರಿಗಳು ತಮ್ಮದನ್ನೆಲ್ಲ ಮಾರಿ ಚರ್ಚಿನ ಬಾಯ್ಲರ್ ರಿಪೇರಿ ಮಾಡಿಸಿದ್ದರು. ಆರ್ಲೀನ್ ಮೇಡಂ ಬಳಿ ಆರು ಗುಂಡು ಇದ್ದದ್ದು ನಿಜ, ಅವು ಕಿಲುಬು ಹಿಡಿದು ಹಸಿರುಗಟ್ಟಿ ರಿವಾಲ್ವರಿನೊಳಗೆ ಹೋಗುತ್ತಲೇ ಇರಲಿಲ್ಲ. ಊರಿನ ಮುಂದೆ ಅಷ್ಟೆಲ್ಲ ಮಾತಾಡಿ ಸಾಲಿನಲ್ಲಿ ನಿಂತು ಕೊಳ್ಳಲು ಮೂವರಿಗೂ ನಾಚಿಕೆ. "ಯಾರ ಮನೇಲಾದ್ರೂ ಇದ್ರೆ ಆಯ್ತಲ್ಲ ಅಂತ" ಎಂದರು ಪಾದ್ರಿ ಮೆಲ್ಲಗೆ. ಬೆಳಗ್ಗೆಯಿಂದ ತಾನು ಕೊಂಡದ್ದು ತನ್ನ ಮನೆಗಲ್ಲ, ಇಡೀ ಬೀದಿಗೆ ಎಂದು ಲಾಯ್ಡ್‌ಗೆ ಆಗ ಅರಿವಾಯಿತು.

ಜಗಳವಾಡಲು ಪುರುಸೊತ್ತಿರಲಿಲ್ಲ. ಶೆಡ್ಡಿನಲ್ಲಿ ಮತ್ತೆ ಧೊಪ್ಪೆಂದಿತು. ನಾಲ್ವರೂ ಡಬ್ಬಿಗಳ ಮೇಲೆ ಬಿದ್ದರು. ಕ್ರೆಬ್ಸ್ ಡಬ್ಬಿಯನ್ನು ತಲೆಕೆಳಗಾಗಿ ಬಿಚ್ಚಿದ, ಐವತ್ತು ಗುಂಡು ನೆಲದ ಮೇಲೆ ಗಲಗಲನೆ ಚೆಲ್ಲಿದವು. ಅವನ್ನು ಹಿಡಿಯಲು ಹೋದ ಪಾದ್ರಿಯ ಮೊಣಕೈ ತಗುಲಿ ಬುರುಜು ಉರುಳಿತು. ಆರ್ಲೀನ್ ಮೇಡಂ ಕನ್ನಡಕ ಮನೆಯಲ್ಲೇ ಮರೆತು ಬಂದಿದ್ದರಿಂದ ಒಂಬತ್ತನ್ನು ಮೂವತ್ತೆಂಟರೊಳಗೆ ತುರುಕುತ್ತಿದ್ದರು. ಕಡೆಗೆ ನಾಲ್ಕು ಜನವೂ ಮೇಜಿನ ಕೆಳಗೆ ಮಂಡಿಯೂರಿ, ಇದು ನಿಂದು, ಅದು ನಂದು ಎಂದು ಗುಂಡು ಆರಿಸುತ್ತಿದ್ದರು.

ಹಿಂಬಾಗಿಲು ತೆರೆದದ್ದು ಯಾರಿಗೂ ಕೇಳಿಸಲಿಲ್ಲ. ಫ್ರಿಜ್ಜಿನ ಬಾಗಿಲು ತೆರೆದದ್ದೂ ಕೇಳಿಸಲಿಲ್ಲ. ತಣ್ಣಗಿನ ಕೋಳಿ ಕಾಲನ್ನು ಕಡಿಯುವ ಸದ್ದಿಗೆ ಲಾಯ್ಡ್ ತಲೆ ಎತ್ತಿದ.

"ಏನ್ ಕಳ್ದೋಯ್ತು ಭಾವ? ನಾನೂ ಹುಡುಕ್ಲಾ?" ಎಂದ ಡ್ವೇಯ್ನ್.

ಅಕ್ಕ ಫೋನಿನಲ್ಲಿ ಹೇಳಿದ್ದೇ ಸಾಕಾಗಿ, ಕರೆಯುವತನಕ ಕಾಯದೆ ಹೊರಟು ಬಂದಿದ್ದನಂತೆ. ತನ್ನ ಸಾಮಾನನ್ನು ಶೆಡ್ಡಿಗೆ ಇಳಿಸುತ್ತಿದ್ದನಂತೆ. ಅವನ ಮಾತು ಮುಗಿಯುವ ಮುಂಚೆಯೇ ನೋರೀನ್‌ಳ ಕಾರು ಬಂದು ನಿಂತಿತು. ಅವಳು ಬಾಗಿಲಲ್ಲಿ ನಿಂತು, ಮೇಜಿನ ಕೆಳಗಿದ್ದ ಗಂಡನನ್ನೂ ಪಾದ್ರಿಯನ್ನೂ, ಕಾಲಿಗೆ ಸಿಕ್ಕಿದ ಗುಂಡುಗಳನ್ನೂ ನೋಡಿದಳು. ಲಾಯ್ಡ್ ಎದ್ದುನಿಂತು ಜೀವಮಾನದಲ್ಲೇ ಅತಿ ಉದ್ದದ ಭಾಷಣ ಮಾಡಿದ. ಗುಂಡು ಬಂದಿದೆ, ಪಿಸ್ತೂಲು ಬುಧವಾರ ಬರುತ್ತದೆ, ಬೀದಿಯೇ ಬೆನ್ನಿಗಿದೆ, ಡ್ವೇಯ್ನ್ ಇವತ್ತೇ ಹೊರಡಬಹುದು ಎಂದ. ನೋರೀನ್‌ಳ ಮುಖ ಸ್ವಲ್ಪ ಮೆತ್ತಗಾಯಿತು. ಪಾಪ, ಇಷ್ಟೊಂದು ಓಡಾಡಿದ್ದಾನೆ ಎನಿಸಿರಬೇಕು. ಬುಧವಾರದವರೆಗೆ ಮಾತ್ರ ಡ್ವೇಯ್ನ್ ಇರಲಿ, ಆಮೇಲೆ ಹೋಗಲಿ ಎಂದಳು. ಲಾಯ್ಡ್‌ಗೆ ಸ್ವರ್ಗ ಮೂರೇ ಗೇಣು ಎನ್ನುವಂತಾಯಿತು. ಐದು ದಿನ ತಾನೇ, ಹಲ್ಲು ಕಚ್ಚಿಕೊಂಡು ಕಳೆಯಬಹುದು.

"ಯಾವ ಪಿಸ್ತೂಲು ಭಾವ?" ಎಂದ ಡ್ವೇಯ್ನ್ ಮೂಳೆ ಚೀಪುತ್ತ.

"ಮುನ್ನೂರೆಂಬತ್ತು."

ಡ್ವೇಯ್ನ್‌ನ ಮುಖ ಊರಗಲವಾಯಿತು. "ನಂದೂ ಅದೇ. ಫೆಬ್ರವರೀಲಿ ಕೌಂಟಿ ಅಂಗಡಿಗಳನ್ನೆಲ್ಲ ಸುತ್ತಿ, ಒಂದು ಡಬ್ಬಿನೂ ಬಿಡ್ದೆ ನಾನೇ ಎತ್ಕೊಂಡ್ಬಂದೆ. ಈಗ ಶೆಡ್ಡಿಗೆ ಇಳಿಸ್ತಿದ್ದಿದ್ದು ಅದ್ನೇ."

ನೋರೀನ್ ಎರಡೂ ಕೈ ಎದೆಗೆ ಒತ್ತಿಕೊಂಡಳು. ಕಣ್ಣಲ್ಲಿ ನೀರೇ ಬಂತು. ಗಂಡನ ಕೈಯಲ್ಲಿ ಪಿಸ್ತೂಲು, ತಮ್ಮನ ಬಳಿ ಗುಂಡು, ದೇವರೇ ಕೂಡಿಸಿದ ಹಾಗಿದೆ, ಇನ್ನು ಇವರಿಬ್ಬರನ್ನು ಬೇರೆ ಮಾಡುವ ಮಾತೇ ಇಲ್ಲ ಎಂದಳು. ಪಾದ್ರಿಗಳು ಮೇಜಿನ ಕೆಳಗಿನಿಂದಲೇ ಆಮೆನ್ ಎಂದರು.

"ಬೇಕಾದಾಗ ಒಂದೊಂದೇ ಕೇಳು ಭಾವ, ಕೊಡ್ತೀನಿ" ಎಂದ ಡ್ವೇಯ್ನ್, ಪಡಸಾಲೆಗೆ ಹೋಗಿ ಒರಗುಕುರ್ಚಿಯನ್ನು ಹಿಂದಕ್ಕೆ ಬಾಗಿಸಿ ಕಾಲು ಚಾಚುತ್ತ. "ನಾನೇನು ಎಲ್ಲಿಗೂ ಹೋಗಲ್ವಲ್ಲ."