ಬ್ರೆಜಿಲ್ಲಿನವನ ಇಸವಾಣ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಬಿಲಿಯರ್ಡ್ಸ್ ಮೇಜನ್ನು ನಾನು ಈವರೆಗೆ ಕಣ್ಣಾರೆ ಕಂಡವನಲ್ಲ. ಹಸಿರು ಬಟ್ಟೆ ಹೊದಿಸಿದ ಆ ವಸ್ತು ಅಂಕೋಲೆಯಲ್ಲಿ ಎಲ್ಲಾದರೂ ಇದೆಯೋ ಇಲ್ಲವೋ ಗೊತ್ತಿಲ್ಲ. ಕಾರವಾರದಲ್ಲಿ ಇದ್ದರೂ ಇರಬಹುದು, ಆದರೆ ಹೈಸ್ಕೂಲು ಮಾಸ್ತರನನ್ನು ಕರೆದು ಕೂಡಿಸುವಂಥ ಜಾಗದಲ್ಲಿ ಇರಲಿಕ್ಕಿಲ್ಲ. ಹೀಗಿದ್ದೂ ದೀಪಾವಳಿ ಕಳೆದ ಮೇಲಿನ ಆರು ವಾರ ನಾನು ದಿನಕ್ಕೆ ನಾಲ್ಕು ತಾಸು ಆ ಮೇಜಿನ ಪೂಲ್ ಆಟ ಆಡಿದ್ದೇನೆ. ಅದರಿಂದ ಮಗಳ ಮದುವೆಯ ಮಾತು ಮುರಿದುಬೀಳುವ ತನಕ ಹೋಗಿತ್ತೆಂಬುದನ್ನು ಈಗ ಎಲ್ಲ ಸರಿಹೋದ ಮೇಲೆ ಧೈರ್ಯವಾಗಿ ಹೇಳುತ್ತಿದ್ದೇನೆ.

ಎಲ್ಲಕ್ಕೂ ಮೂಲ ನನ್ನ ಬಲಗಾಲು. ಪತನ ಕೋನ, ಪ್ರತಿಫಲನ ಕೋನ ಎಂದು ಇಪ್ಪತ್ತಾರು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವನು ಸ್ವಂತ ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದೆ. ಡಾಕ್ಟರು ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿ ಆರು ವಾರ ಕದಲಬೇಡಿ ಎಂದರು. ಮಗಳು ಸ್ಮಿತಾ ಎಂಟು ಗಂಟೆಯ ಬಸ್ಸಿಗೆ ಕಾರವಾರದ ಕಾಲೇಜಿಗೆ ಪಾಠ ಹೇಳಲು ಹೋಗುವವಳು. ಹೆಂಡತಿ ಪ್ರಾಥಮಿಕ ಶಾಲೆಯ ಅಕ್ಕೋರು, ಒಂಬತ್ತಕ್ಕೆ ಹೊರಡುವವಳು. ಆಮೇಲೆ ಜಗಲಿಯಲ್ಲಿ ನಾನು, ಎದುರಿನ ಸ್ಟೂಲಿನ ಮೇಲೆ ನನ್ನ ಕಾಲು, ಇಬ್ಬರೇ. ನನ್ನ ಮುಖ ನೋಡಲಾರದೆ ಮಗಳೇ ಒಂದು ದಿನ ನನ್ನ ಫೋನಿಗೆ ಈ ಆಟ ಹಾಕಿಕೊಟ್ಟಳು. "ಅಪ್ಪಾ, ಇದ್ರಲ್ಲಿ ಬರೀ ಕೋನಗಳೇ. ನಿಮ್ಗೆ ಬರ್ತದೆ" ಎಂದಳು. ಈ ಮಾತು ನನ್ನನ್ನು ಕೆಡಿಸಿತು.

ಈ ಆಟದಲ್ಲೂ ಹಲವು ಜಾತಿ. ಒಂದು ಥೇಟ್ ನಿಜದ ಹಾಗೇ ಇರುತ್ತದೆ. ಕೋಲಿನ ತುದಿಗೆ ಸುಣ್ಣದಕಡ್ಡಿ ಉಜ್ಜುವ ಸದ್ದು, ಚೆಂಡಿಗೆ ಚೆಂಡು ತಾಗುವ ಸದ್ದು, ಬಿಳಿ ಚೆಂಡಿನ ಯಾವ ಮೈಗೆ ಕುಟ್ಟಿದರೆ ಅದು ಹೇಗೆ ಹಿಂದೆ ಉರುಳಿ ಬರುತ್ತದೆಂಬ ಲೆಕ್ಕ ಎಲ್ಲ ಉಂಟು. ಇನ್ನೊಂದು ಒಗಟಿನ ಜಾತಿ. ಮೇಜಿನ ನಡುವೆ ಗೋಡೆ ಕಟ್ಟಿ, ಚೆಂಡುಗಳನ್ನು ಮೂಲೆಯಲ್ಲಿ ಅಡಗಿಸಿ, ಮೂರೇ ಏಟಿನಲ್ಲಿ ಎಲ್ಲವನ್ನೂ ಗುಂಡಿಗೆ ಹಾಕು ಎನ್ನುತ್ತದೆ. ಒಂದು ಒಗಟಿಗೆ ನಾನು ನೋಟುಪುಸ್ತಕ ತಂದು ಕೋನಮಾಪಕ ಇಟ್ಟು ಚಿತ್ರ ಬಿಡಿಸಿದೆ. ಅರ್ಧ ದಿನದ ಮೇಲೆ ಉತ್ತರ ಸಿಕ್ಕಿತು. ಸಂಜೆ ಶಾಲೆಯಿಂದ ಬಂದ ಹೆಂಡತಿ ಆ ಚಿತ್ರ ನೋಡಿ, ಕಾಲಿನ ಜೊತೆ ತಲೆಯ ಎಕ್ಸ್‌ರೇ ಕೂಡ ತೆಗೆಸಬೇಕಿತ್ತೋ ಏನೋ ಎಂದಳು.

ಆದರೆ ನನಗೆ ಹುಚ್ಚು ಹಿಡಿಸಿದ್ದು ಎದುರಾಳಿಯೊಡನೆ ಆಡುವ ಆಟ. ದೂರದೇಶದವರೊಡನೆ ಆಡಿದರೆ ನಮ್ಮ ಓಣಿಯ ನೆಟ್‌ವರ್ಕಿಗೆ ಚೆಂಡು ಅರ್ಧ ದಾರಿಯಲ್ಲೇ ನಿಂತುಬಿಡುತ್ತಿತ್ತು. ಅದಕ್ಕೇ 'ಹತ್ತಿರದವರು' ಎಂಬ ಗುಂಡಿ ಒತ್ತಿದೆ. ಸಿಕ್ಕವನು ಬ್ರೆಜಿಲ್ ಧ್ವಜದವನು. ಹೆಸರಿನ ಜಾಗದಲ್ಲಿ ಬರೀ ಚುಕ್ಕಿಗಳು. ಮೊಬೈಲಿಗೆ ಹತ್ತಿರ ಎಂದರೆ ಬ್ರೆಜಿಲ್ಲೇ ಇರಬಹುದೆಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅಷ್ಟಕ್ಕೂ ನನ್ನ ಹೆಸರು 'ಕಿಂಗ್ ಕೋಬ್ರಾ', ಧ್ವಜ ಬೆರಳು ತಪ್ಪಿ ಜಪಾನಿನದಾಗಿತ್ತು.

ಮನುಷ್ಯ ಭಾರಿ ಆಟಗಾರ. ಆದರೆ ಒಂದು ಕೆಟ್ಟ ಚಾಳಿ. ಬೆಳಿಗ್ಗೆ ಹತ್ತಕ್ಕೆ ಇಪ್ಪತ್ತು ನಿಮಿಷ ಇರುವಾಗ, ಆಟ ಎಷ್ಟೇ ರಂಗೇರಿರಲಿ, ಅರ್ಧಕ್ಕೇ ಬಿಟ್ಟು ಮಾಯವಾಗುತ್ತಿದ್ದ. ಗೆಲುವು ನನಗೆ ಬರುತ್ತಿತ್ತು. ಸೋಲುತ್ತೇನೆಂದು ಓಡಿದ ಎಂದು ನಾನು ಬೀಗುತ್ತಿದ್ದೆ. ಆಟದಲ್ಲಿ ಮಾತಾಡಲು ಬರುವುದಿಲ್ಲ, ಗೊಂಬೆಮುಖ ಕಳಿಸಬಹುದು ಅಷ್ಟೆ. ಕಣ್ಣಲ್ಲಿ ನೀರು ಬರುವಂತೆ ನಗುವ ಒಂದು ಮುಖವನ್ನು ನಾನು ಅವನ ಬೆನ್ನಿಗೆ ತಪ್ಪದೆ ಕಳಿಸುತ್ತಿದ್ದೆ. ಸೋಮವಾರ ಮತ್ತು ಶನಿವಾರ ಮಾತ್ರ ಅವನು ಓಡುತ್ತಿರಲಿಲ್ಲ, ಕೊನೆಯವರೆಗೂ ನಿಂತು ನನ್ನನ್ನು ಹೀನಾಯವಾಗಿ ಸೋಲಿಸುತ್ತಿದ್ದ. ವಿಜ್ಞಾನದ ಮಾಸ್ತರನಾದವನು ಇದನ್ನೆಲ್ಲ ಜೋಡಿಸಿ ನೋಡಬೇಕಿತ್ತು. ನಾನು ಬ್ರೆಜಿಲ್ಲಿನಲ್ಲಿ ಸೋಮವಾರ ಶನಿವಾರ ರಜೆ ಇರಬೇಕೆಂದು ತೀರ್ಮಾನಿಸಿದೆ.

ಇಷ್ಟರಲ್ಲಿ ಸ್ಮಿತಾಳ ಮದುವೆಯ ಮಾತು ಗಟ್ಟಿಯಾಯಿತು. ಗಂಡಿನ ಮನೆ ಇಲ್ಲೇ ಬೊಬ್ರುವಾಡದಲ್ಲಿ. ಬೀಗರಾಗುವವರು ಕೈಗಾ ಅಣುಸ್ಥಾವರಕ್ಕೆ ಕಂಪನಿ ಬಸ್ಸಿನಲ್ಲಿ ಹೋಗಿಬಂದು ವಯಸ್ಸು ಸವೆಸಿ ಈಚೆಗೆ ನಿವೃತ್ತರಾದವರು. ಕಾಲಿನ ದೆಸೆಯಿಂದ ನಾನು ಅವರನ್ನು ನೋಡಿರಲೇ ಇಲ್ಲ, ಮಾತುಕತೆಗೆ ಹೆಂಡತಿ ಮತ್ತವಳ ಅಣ್ಣ ಹೋಗಿದ್ದರು. ಒಂದು ರವಿವಾರ ಗಂಡ ಹೆಂಡತಿ ಇಬ್ಬರೂ ನಮ್ಮಲ್ಲಿಗೆ ಊಟಕ್ಕೆ ಬರುವುದೆಂದಾಯಿತು. ಮೊದಲ ಊಟ. ನಮ್ಮ ಕಡೆ ಬೀಗರಿಗೆ ಮೊದಲ ಊಟಕ್ಕೆ ಹುರಿದ ಇಸವಾಣ ಮೀನು ಬಡಿಸದಿದ್ದರೆ ಹುಡುಗಿಯ ಮನೆಯವರಿಗೆ ಬಂಧುತ್ವ ಬೇಕಿಲ್ಲ ಎಂದೇ ಅರ್ಥ ಮಾಡುತ್ತಾರೆ. ಬಂಗುಡೆಯಿಂದ ಸಾರು ಮಾಡಬಹುದು, ಶೆಟ್ಲಿ ಸೀಗಡಿಯಿಂದ ಪಲ್ಯ ಮಾಡಬಹುದು, ಆದರೆ ಮರ್ಯಾದೆ ಇರುವುದು ಇಸವಾಣದ ದಪ್ಪ ತುಂಡಿನಲ್ಲಿ.

ಓಣಿಗೆ ಮೀನು ತರುವ ಸೋಮಕ್ಕ ನಮಗೆ ಹತ್ತಾರು ವರ್ಷದ ವಾಡಿಕೆಯವಳು. ಮೊದಲೇ ಹೇಳಿದರೆ ಎಂಥ ಮೀನನ್ನೂ ನಮಗಾಗಿ ತೆಗೆದಿಡುತ್ತಾಳೆ. ಶನಿವಾರ ಸಂಜೆ ಹೆಂಡತಿ ಫೋನನ್ನು ನನ್ನ ಕೈಗೇ ಕೊಟ್ಟು, "ಸೋಮಕ್ಕಂಗೆ ಈಗ್ಲೇ ಹೇಳಿ, ಒಂದಿಡೀ ಇಸವಾಣ ಇಡೂಕೆ. ಇದೊಂದ್ ಕೆಲ್ಸ ಮಾಡಿ ಸಾಕು" ಎಂದಳು. ನಾನು ಫೋನು ತೆರೆದೆ. ಬ್ರೆಜಿಲ್ಲಿನವನು ಆಟಕ್ಕೆ ಕರೆದಿದ್ದ. ಒಂದೇ ಆಟ ಮುಗಿಸಿ ಸೋಮಕ್ಕನಿಗೆ ಹೇಳಿದರಾಯಿತು ಎಂದುಕೊಂಡೆ. ಒಂದು ನಾಲ್ಕಾಯಿತು. ಊಟದ ಹೊತ್ತಿಗೆ ಹೆಂಡತಿ "ಹೇಳಿದ್ರಾ?" ಎಂದು ಕೇಳಿದಾಗ ನಾನು ಕೊನೆಗೆ ಹಾಕಬೇಕಾದ ಕರಿ ಚೆಂಡಿನ ಯೋಚನೆಯಲ್ಲಿ "ಹೂಂ" ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಆದರೆ ಸುಳ್ಳೇ.

ರವಿವಾರ ಬೆಳಿಗ್ಗೆ ಒಳಗೆ ಮಸಾಲೆ ಅರೆಯುವ ಮಿಕ್ಸರ್ ಗುರುಗುಡುತ್ತಿತ್ತು. ಜಗಲಿಯಲ್ಲಿ ನಾನೂ ಬ್ರೆಜಿಲ್ಲಿನವನೂ ಸರಿಸಮವಾಗಿ ಕಾದಾಡುತ್ತಿದ್ದೆವು. ಹತ್ತಕ್ಕೆ ಇಪ್ಪತ್ತು ನಿಮಿಷ ಇರುವಾಗ ವಾಡಿಕೆಯಂತೆ ಅವನು ಮಾಯ. ನಾನು ನಗುವ ಮುಖ ಕಳಿಸಿದೆ. ಅಂದು ಉಮೇದು ಹೆಚ್ಚಾಗಿ ಸಾಲಾಗಿ ಐದು ಕಳಿಸಿದೆ. ಹತ್ತಕ್ಕೆ ಸರಿಯಾಗಿ ಸೋಮಕ್ಕ ಬಂದು ಬುಟ್ಟಿ ಇಳಿಸಿದಳು. ಆಗ ನೆನಪಾಯಿತು. ಬುಟ್ಟಿಯೊಳಗೆ ಬರೀ ಅಗ್ಗದ ತಾರ್ಲೆ ಮೀನು, ಅದೂ ಬೆರಳುದ್ದದ್ದು.

"ಇಸವಾಣ ಇಲ್ಲ ಅನ್ನು?" ಎಂದೆ.

"ಒಂದಿತ್ತು ಮಾಸ್ತರೆ. ಬೊಬ್ರುವಾಡದಲ್ಲಿ ಒಬ್ರು ಇಡೀದೇ ತಕಂಡ್ರು. ಅವ್ರೂ ನಿಮ್ಮಂಗೇ, ದಿನಾ ಮೊಬೈಲ್ ನೋಡ್ತಾ ಕೂತಿರ್ತ್ರು. ಆದ್ರೆ ನಾ ಕೂಗಿದ ಕೂಡ್ಲೇ ಅದ್ನ ಬಿಸಾಕಿ ಬತ್ರು" ಎಂದಳು. ನೀವು ಹಾಗಲ್ಲ ಎಂಬುದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ನನಗೆ ತಲೆಯಲ್ಲಿ ಏನೋ ಮಿಸುಕಾಡಿತು, ಆದರೆ ಮಿಕ್ಸರ್ ನಿಂತದ್ದರಿಂದ ಯೋಚನೆ ಮುಂದುವರಿಯಲಿಲ್ಲ.

ಹೆಂಡತಿ ಹೊರಗೆ ಬಂದು ತಾರ್ಲೆ ನೋಡಿದಳು, ನನ್ನ ಮುಖ ನೋಡಿದಳು. ಬೈಯಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು, "ನನ್ ಮಗಳ ಮನೆಯವ್ರು ಮೊದ್ಲ ಸಲ ಬರೂದು" ಎಂದಷ್ಟೇ ಹೇಳಿ ಒಳಗೆ ಹೋದಳು. ಕಾಲು ಮುರಿದ ದಿನವೂ ನನಗೆ ಅಷ್ಟು ನೋವಾಗಿರಲಿಲ್ಲ.

ಬೀಗರು ಹನ್ನೊಂದೂವರೆಗೆ ಬಂದರು. ಬಿಳಿ ಅಂಗಿ, ತೆಳ್ಳಗಿನ ಮನುಷ್ಯ, ಕೈಯಲ್ಲಿ ದೊಡ್ಡ ಸ್ಟೀಲ್ ಡಬ್ಬಿ. ಅದನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, "ಬರಿಗೈಲಿ ಬರೂದು ಹೆಂಗೆ ಅಕ್ಕೋರೆ. ಬೆಳಿಗ್ಗೆ ಒಳ್ಳೆ ಇಸವಾಣ ಸಿಕ್ತು. ಮಸಾಲೆ ಹಚ್ಚೇ ತಂದೀವಿ, ಹುರಿದ್ರೆ ಆಯ್ತು" ಎಂದರು. ಹೆಂಡತಿಗೆ ಸಮಾಧಾನವೂ ಅವಮಾನವೂ ಒಟ್ಟಿಗೇ ಆದದ್ದನ್ನು ನಾನು ಕಂಡೆ. ಒಳಗೆ ಹೋಗುವಾಗ ನನ್ನ ಕಿವಿಯ ಹತ್ತಿರ, "ಬೀಗರ ಮೀನನ್ನೇ ಹುರಿದು ಬೀಗರಿಗೆ ಬಡಿಸೂ ಹಂಗೆ ಮಾಡಿದ್ರಿ" ಎಂದಳು.

ಊಟಕ್ಕೆ ಕೂತೆವು. ನಾಚಿಕೆಯಿಂದ ನಾನು ಇಸವಾಣ ಮುಟ್ಟದೆ ತಾರ್ಲೆಯನ್ನೇ ಹಾಕಿಸಿಕೊಂಡೆ. ಬೀಗರು ಆರಾಮಾಗಿ ಮಾತು ತೆಗೆದರು. "ಈ ಮೀನಿನ ದೆಸೆಯಿಂದ ಇವತ್ತೂ ಒಂದು ಆಟ ಹೋಯ್ತು ನೋಡಿ. ಮೊಬೈಲಲ್ಲಿ ಪೂಲ್ ಆಡ್ತೆ ನಾನು. ಕೈಗಾ ಬಸ್ಸಿನಲ್ಲಿ ಹಿಡಿದ ಚಟ. ಕಾಡಿನ ದಾರಿಲಿ ನೆಟ್ ಸಿಗೂದಿಲ್ಲ, ಅದ್ಕೆ ಒಬ್ನೇ ಆಡೂ ಒಗಟಿನ ಆಟ. ಒಂದೂ ಬಿಟ್ಟಿಲ್ಲ, ಎಲ್ಲ ಬಿಡಿಸಿದ್ದೆ. ಈಗ ಒಬ್ಬ ಜಪಾನಿನವ ಗಂಟುಬಿದ್ದಿದ್ದ. ಕಿಂಗ್ ಕೋಬ್ರಾ ಅಂತೆ. ನಾ ಮೀನು ತಕಳೂಕೆ ಎದ್ರೆ ಸಾಕು, ಹಲ್ಲು ಕಿಸಿಯೂ ಮುಖ ಕಳಿಸ್ತಾ. ಇವತ್ತು ಐದು ಕಳ್ಸಿದ್ದಾ. ಅಪ್ಪ ಅಮ್ಮ ಸರಿಯಾಗಿ ಬೆಳೆಸ್ಲಿಲ್ಲ ಅವ್ನ."

ತಾರ್ಲೆಯ ಮುಳ್ಳು ನನ್ನ ಗಂಟಲಲ್ಲಿ ನಿಂತಿತು. ಸ್ಮಿತಾ ನೀರು ಕೊಟ್ಟಳು. ಕೆಮ್ಮು ನಿಂತ ಮೇಲೆ ನಾನು, "ಅಂಥವ್ರಿಗೆ ಮರ್ಯಾದೆ ಇರೂದಿಲ್ಲ ಬಿಡಿ" ಎಂದೆ. ನನ್ನನ್ನು ನಾನು ಅಷ್ಟು ಸರಿಯಾಗಿ ಹಿಂದೆಂದೂ ಗುರುತಿಸಿರಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ಬದುಕಿದೆ ಎನ್ನಬಹುದಿತ್ತು. ಊಟದ ಮೇಲೆ ಜಗಲಿಯಲ್ಲಿ ಎಲೆಅಡಿಕೆ ಹಾಕಿಕೊಂಡು ಬೀಗರು ಫೋನು ತೆಗೆದರು. "ನೋಡಿ, ಈಗ ನಿಮ್ಮೆದುರೇ ಅವ್ನ ಆಟಕ್ಕೆ ಕರಿತೆ" ಎಂದು ಗುಂಡಿ ಒತ್ತಿದರು. ನನ್ನ ಫೋನು ಊಟದ ಕೋಣೆಯ ಕಿಟಕಿಯ ಮೇಲಿತ್ತು. ಅಲ್ಲಿಂದ ಚೆಂಡಿಗೆ ಚೆಂಡು ತಾಗುವ ಸದ್ದು ಕಟಕಟ ಎಂದು ಕೇಳಿಸಿತು. ಹೆಂಡತಿ ಅದನ್ನು ತಂದು ಬೀಗರಿಗೂ ಕಾಣುವಂತೆ ಹಿಡಿದು ನನ್ನ ಕೈಗೆ ಕೊಟ್ಟಳು. ಬೇಕಂತಲೇ ಹಾಗೆ ಹಿಡಿದಳೆಂದು ನನ್ನ ಅನುಮಾನ.

ಬೀಗರು ನನ್ನ ಫೋನು ನೋಡಿದರು, ತಮ್ಮದನ್ನು ನೋಡಿದರು. ಸ್ಮಿತಾ ಬಾಗಿಲಲ್ಲಿ ಬಿಳಿಚಿಕೊಂಡು ನಿಂತಿದ್ದಳು. ಅವಳ ಮುಖ ನೋಡಿ ನನಗೆ ನಿಜಕ್ಕೂ ಹೆದರಿಕೆಯಾಯಿತು.

"ಆ ನಗೂ ಮುಖ ಎಲ್ಲ ನೀವೇ ಕಳ್ಸಿದ್ದಾ?" ಎಂದರು ಬೀಗರು.

"ಬೆರಳು ತಾಗಿ ಹೋಗಿರ್ಬೇಕು" ಎಂದೆ.

"ಐದು ಸಲ?"

ನಾನು ಪ್ಲಾಸ್ಟರನ್ನು ನೋಡುತ್ತ ಕೂತೆ. ಬೀಗಿತ್ತಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಅವರ ಹೆಗಲು ಅಲುಗುತ್ತಿದ್ದುದು ನಗುವಿನಿಂದ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಬೀಗರು ಮಾತ್ರ ನಗಲಿಲ್ಲ. ಚೊಂಬಿನ ನೀರಲ್ಲಿ ಬಾಯಿ ಮುಕ್ಕಳಿಸಿ ಬಂದು, "ನಾಳೆ ಸೋಮವಾರ. ಮೀನಿನವ್ಳು ಬರೂದಿಲ್ಲ. ಪೂರ್ತಿ ಆಟ ಆಡುವ ಬೀಗರೆ" ಎಂದರು. ಬೀಗರೆ ಎಂದದ್ದು ಕೇಳಿ ಸ್ಮಿತಾ ಒಳಗೆ ಓಡಿದಳು.

ಅವರು ಹೋದ ಮೇಲೆ ಹೆಂಡತಿ ಆಜ್ಞೆ ಮಾಡಿದಳು: "ನಾವು ಹೆಣ್ಣಿನ ಕಡೆಯವ್ರು. ನಾಳೆಯಿಂದ ನೀವು ಸೋಲೂಕೆ ಕಲೀರಿ." ಒಪ್ಪಿದೆ. ಬೇಕಂತಲೇ ಸೋಲುವುದು ಸುಲಭವೆಂದು ತಿಳಿಯಬೇಡಿ. ಗುಂಡಿಯ ಬಾಯಲ್ಲಿ ನಿಂತ ಚೆಂಡನ್ನು ಎದುರಿನವನಿಗೆ ಅನುಮಾನ ಬಾರದಂತೆ ತಪ್ಪಿಸುವುದಕ್ಕೆ ಎಲ್ಲಿಲ್ಲದ ಕೌಶಲ ಬೇಕು. ದಿನವೂ ಸೋತು, ಮಗಳಿಗಾಗಿ ಒಬ್ಬ ತಂದೆ ಏನೆಲ್ಲ ಮಾಡುತ್ತಾನೆಂದು ನನ್ನ ಬಗ್ಗೆ ನನಗೇ ಗೌರವ ಬಂದಿತ್ತು.

ಮೊನ್ನೆ ಬೀಗಿತ್ತಿ ಹೆಂಡತಿಗೆ ಫೋನು ಮಾಡಿದ್ದರಂತೆ. "ನಿಮ್ಮ ಯಜಮಾನ್ರಿಗೆ ಕಾಲು ಬೇರೆ ನೋವು, ಒಂದೆರಡು ಆಟ ಗೆಲ್ಲೂಕೆ ಬಿಡಿ ಅಂತ ಇವ್ರಿಗೆ ನಾನೇ ಹೇಳಿದ್ದೆ. ಒಂದು ವಾರದಿಂದ ಸೋಲೂಕೆ ನೋಡ್ತಿದ್ರು, ಆಗೂದೇ ಇಲ್ಲ ಅಂತ್ರು" ಎಂದರಂತೆ. ಹೆಂಡತಿ ಸಂತೋಷದಿಂದ, "ಪಾಪ, ಇವ್ರೂ ಬೇಕಂತ್ಲೇ ಸೋಲ್ತಿದ್ರು" ಎಂದು ಹೇಳಿ ಇಬ್ಬರೂ ನಕ್ಕರಂತೆ. ನನಗೆ ಹೇಳುವಾಗಲೂ ಅವಳು ನಗುತ್ತಿದ್ದಳು, ನಾನೂ ಜೊತೆಗೆ ನಕ್ಕೆ. ನಾನು ಬೇಕೆಂದು ಸೋತದ್ದು ಮೊದಲ ಮೂರು ದಿನ ಮಾತ್ರ, ಆಮೇಲೆ ತಡೆಯಲಾರದೆ ಈ ಇಡೀ ವಾರ ಗೆಲ್ಲಲೆಂದೇ ಹಲ್ಲು ಕಚ್ಚಿ ಆಡಿಯೂ ಸೋತಿದ್ದೇನೆ ಎಂಬುದನ್ನು ಅವಳಿಗೆ ಹೇಳಿಲ್ಲ.